ಇಂಟರ್‌ವ್ಯೂಗೆ ಕರೆಯಲು ಮೆಸೇಜ್ ಮಾಡಿದರೆ ಸಾಕಾ?

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಮೇಲ್ ಕಳಿಸಿದರೆ ಎಷ್ಟೋ ಜನ ನೋಡುವುದೇ ಇಲ್ಲ. ಫೋನ್ ಮಾಡಿದರೆ ಗೊತ್ತಿಲ್ಲದ ನಂಬರ್ ಅಂತ ಎತ್ತುವುದಿಲ್ಲ. ಮೆಸೇಜ್ ಮಾಡಿದಾಗ ಮಾತ್ರ ಬೇಗ ಉತ್ತರ ಬರುತ್ತದೆ. ಹಾಗಾದರೆ ಇಡೀ ನೇಮಕಾತಿಯನ್ನೇ ಮೆಸೇಜ್‌ನಲ್ಲಿ ಮುಗಿಸಬಹುದಾ? ಅಥವಾ ಅದು ಅಭ್ಯರ್ಥಿಗೆ ಅಗೌರವ ಅನ್ನಿಸುತ್ತದಾ?

ಉತ್ತರ: ಮೆಸೇಜ್ ಧಾರಾಳವಾಗಿ ಮಾಡಿ. ಇಡೀ ನೇಮಕಾತಿಯನ್ನು ಮಾತ್ರ ಅದರಲ್ಲೇ ಮುಗಿಸಬೇಡಿ.

ಒಂದು ಸಾಲಿನಲ್ಲಿ ಉತ್ತರ ಕೊಡಬಹುದಾದ ವಿಷಯವಾದರೆ ಮೆಸೇಜ್ ಸಾಕು. ನಾಳೆ ಹನ್ನೊಂದಕ್ಕೆ ಬರ್ತೀರಾ, ವಿಳಾಸ ಸಿಕ್ತಾ, ಸಮಯ ಬದಲಾಯಿಸಬೇಕಾ, ಇಂಥವು. ಮುಂದೆ ಯಾರಾದರೂ ತೆಗೆದು ತೋರಿಸಬೇಕಾಗಿ ಬರುವ ವಿಷಯ ಮೇಲ್‌ನಲ್ಲೇ ಇರಲಿ: ಸಂಬಳ, ಹುದ್ದೆ, ಸೇರುವ ದಿನಾಂಕ, ಷರತ್ತು. ಹೇಳಿದ ತಕ್ಷಣ ಆ ಕಡೆಯಿಂದ ನಾಲ್ಕು ಪ್ರಶ್ನೆ ಬರುವಂಥದ್ದಿದ್ದರೆ ಫೋನ್ ಮಾಡಿ. ಅದನ್ನು ಮೆಸೇಜ್‌ನಲ್ಲಿ ಶುರು ಮಾಡಿದರೆ ಇಬ್ಬರೂ ಮಧ್ಯಾಹ್ನವಿಡೀ ಟೈಪ್ ಮಾಡುತ್ತಾ ಕೂರಬೇಕಾಗುತ್ತದೆ.

ಅಗೌರವದ ಪ್ರಶ್ನೆಗೆ ಬಂದರೆ, ಮೆಸೇಜ್ ಮಾಡಿದ್ದಕ್ಕೆ ಯಾರಿಗೂ ಬೇಸರವಾಗುವುದಿಲ್ಲ. ಹೆಸರಿಲ್ಲದೆ, ಕಂಪನಿ ಯಾವುದು ಅಂತ ಹೇಳದೆ, ‘ಹಾಯ್, ಫ್ರೀ ಇದ್ದೀರಾ?’ ಅಂತ ಕಳಿಸಿದರೆ ಬೇಸರವಾಗುತ್ತದೆ. ಬೇಸರಕ್ಕಿಂತ ಜಾಸ್ತಿ ಅನುಮಾನವೇ ಬರುತ್ತದೆ.

ಈ ಅನುಮಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೇಮಕ ಮಾಡುವವರು ಮರೆಯುವುದು ಇದನ್ನೇ. ನಿಮ್ಮ ಮೆಸೇಜ್ ತಲುಪುವ ಫೋನಿನಲ್ಲಿ ಅದಕ್ಕೂ ಮೊದಲೇ ಹತ್ತಾರು ಸುಳ್ಳು ಕೆಲಸದ ಮೆಸೇಜ್‌ಗಳು ಬಂದಿರುತ್ತವೆ. ಮನೆಯಲ್ಲೇ ಕೂತು ಸಂಪಾದಿಸಿ, ವಿಡಿಯೋಗೆ ಲೈಕ್ ಒತ್ತಿದರೆ ಹಣ, ನಿಮ್ಮ ರೆಸ್ಯೂಮೆ ಆಯ್ಕೆಯಾಗಿದೆ, ಹೀಗೆ. ಮೊದಲು ಸ್ವಲ್ಪ ಹಣ ನಿಜವಾಗಿಯೂ ಕೊಟ್ಟು ನಂಬಿಸುತ್ತಾರೆ. ಆಮೇಲೆ ಡಿಪಾಸಿಟ್ ಕೇಳುತ್ತಾರೆ. ಕೆಲವರು ಚಾಟ್‌ನಲ್ಲೇ ‘ಇಂಟರ್‌ವ್ಯೂ’ ಮಾಡಿ, ಅಲ್ಲೇ ‘ಆಫರ್’ ಕೊಟ್ಟು, ಟ್ರೈನಿಂಗ್ ಫೀ ಅಂತಲೋ ಲ್ಯಾಪ್‌ಟಾಪ್ ಖರ್ಚು ಅಂತಲೋ ದುಡ್ಡು ಕೀಳುತ್ತಾರೆ. ಇಂಥ ಮೆಸೇಜ್‌ಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜನರನ್ನು ಎಚ್ಚರಿಸುತ್ತಲೇ ಬಂದಿದೆ. ಈಗ ನೀವು ಇಡೀ ನೇಮಕಾತಿಯನ್ನು ಮೆಸೇಜ್‌ನಲ್ಲಿ ಮಾಡಿದರೆ, ಮೋಸಗಾರರು ಮಾಡುವುದನ್ನೇ ನೀವೂ ಮಾಡಿದ ಹಾಗಾಗುತ್ತದೆ. ಹುಷಾರಾಗಿರುವ ಅಭ್ಯರ್ಥಿ, ಅಂದರೆ ನಿಮಗೆ ಬೇಕಾದ ಅಭ್ಯರ್ಥಿಯೇ, ಬ್ಲಾಕ್ ಮಾಡಿ ಸುಮ್ಮನಾಗುತ್ತಾನೆ.

ಇದಕ್ಕೆ ಒಂದು ಸುಲಭ ದಾರಿ ಇದೆ. ನಿಮ್ಮ ಮೆಸೇಜ್ ನಿಜವೋ ಸುಳ್ಳೋ ಅಂತ ಅಭ್ಯರ್ಥಿ ಬೇರೆ ಕಡೆ ನೋಡಿ ಖಚಿತ ಮಾಡಿಕೊಳ್ಳುವ ಹಾಗಿರಬೇಕು. ಅರ್ಜಿ ತಲುಪಿದೆ ಅಂತ ಕಳಿಸುವ ಮೊದಲ ಮೇಲ್‌ನಲ್ಲೇ ‘ಮುಂದಿನ ಮಾಹಿತಿ ಈ ನಂಬರ್‌ನಿಂದ ಮೆಸೇಜ್ ಮೂಲಕ ಬರುತ್ತದೆ’ ಅಂತ ಬರೆದು ನಂಬರ್ ಕೊಡಿ. ಅದೇ ನಂಬರ್ ನಿಮ್ಮ ವೆಬ್‌ಸೈಟ್‌ನ ಉದ್ಯೋಗಾವಕಾಶದ ಪುಟದಲ್ಲೂ ಇರಲಿ. ನಂಬರ್ ಬದಲಿಗೆ ಕಂಪನಿಯ ಹೆಸರೇ ಕಾಣಿಸುವಂತೆ ಎಸ್‌ಎಂಎಸ್ ಕಳಿಸಬಹುದಲ್ವಾ ಅಂತ ನೀವು ಕೇಳಬಹುದು. ಕಳಿಸಬಹುದು. ಆದರೆ ಎಷ್ಟೋ ಕಡೆ ಆ ಹೆಸರನ್ನು ನಕಲು ಮಾಡಲು ಸಾಧ್ಯ. ನಕಲಿ ಮೆಸೇಜ್ ನಿಮ್ಮ ಹಳೆಯ ಅಸಲಿ ಮೆಸೇಜ್‌ಗಳ ಸಾಲಿನಲ್ಲೇ ಹೋಗಿ ಕೂರಬಹುದು. ಇನ್ನೊಂದು ತೊಂದರೆ, ಹಾಗೆ ಹೆಸರಿನಿಂದ ಬಂದ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ತಿರುಗಿ ಉತ್ತರ ಕಳಿಸಲು ಆಗುವುದಿಲ್ಲ. ಉತ್ತರ ಬೇಕು ಅಂತಲೇ ಮೆಸೇಜ್ ಮಾಡುವ ನಿಮಗೆ ಅದು ಉಪಯೋಗಕ್ಕೆ ಬಾರದು.

ಚಿಕ್ಕದು ಮಾಡಿದ ಲಿಂಕ್‌ಗಳನ್ನು ಹಾಕಲೇಬೇಡಿ. ಲಿಂಕ್ ಬೇಕೇ ಬೇಕಾದರೆ ನಿಮ್ಮ ಕಂಪನಿಯ ವಿಳಾಸ ಪೂರ್ತಿ ಕಾಣುವ ಹಾಗಿರಲಿ. ಗುರುತಿನ ಚೀಟಿಯ ಫೋಟೋ, ಬ್ಯಾಂಕ್ ವಿವರ, ಒಟಿಪಿ ಇವನ್ನು ಮೆಸೇಜ್‌ನಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಎಸ್‌ಎಂಎಸ್‌ಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಮಧ್ಯದಲ್ಲಿ ಯಾರೂ ಓದಲಾಗದ ವ್ಯವಸ್ಥೆ) ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ 2016ರಿಂದ ಇದೆ, ನಿಜ. ಆದರೂ ಆ ಫೋಟೋ ಕೊನೆಗೆ ನಿಮ್ಮ ಕಡೆಯವರ ಫೋನಿನ ಗ್ಯಾಲರಿಯಲ್ಲಿ ಹೋಗಿ ಬೀಳುತ್ತದಲ್ವಾ.

ಇನ್ನು ಒಪ್ಪಿಗೆ. ಅರ್ಜಿಯಲ್ಲಿ ನಂಬರ್ ಬರೆದಿದ್ದಾರೆ ಅಂದಮಾತ್ರಕ್ಕೆ ಏನು ಬೇಕಾದರೂ ಕಳಿಸಬಹುದು ಅಂತಲ್ಲ. ಅರ್ಜಿಯಲ್ಲೇ ಒಂದು ಬಾಕ್ಸ್ ಇಡಿ: ‘ಈ ಕೆಲಸದ ಬಗ್ಗೆ ಮೆಸೇಜ್ ಕಳಿಸಬಹುದು’. ಅವರೇ ಟಿಕ್ ಮಾಡಲಿ, ನೀವು ಮೊದಲೇ ಟಿಕ್ ಹಾಕಿ ಇಡಬೇಡಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಯಂತ್ರದ ಮೂಲಕ ಸಾಮೂಹಿಕವಾಗಿ ಕಳಿಸುವ ಮೆಸೇಜ್‌ಗಳಿಗೆ 1991ರ ಒಂದು ಕಾಯ್ದೆ ಅನ್ವಯವಾಗುತ್ತದೆ. ಅದರಡಿ ಕೇಸ್ ಗೆದ್ದವರಿಗೆ ಒಂದೊಂದು ಮೆಸೇಜ್‌ಗೆ 500ರಿಂದ 1,500 ಡಾಲರ್ ತನಕ ಪರಿಹಾರ ಸಿಗಬಹುದು. ಯುರೋಪ್‌ನಲ್ಲಿ 2018ರ ಮೇ ತಿಂಗಳಿಂದ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಇದೆ. ಒಂದು ಉದ್ದೇಶಕ್ಕೆ ಪಡೆದ ನಂಬರನ್ನು ಅದಕ್ಕೆ ಹೊಂದದ ಇನ್ನೊಂದು ಉದ್ದೇಶಕ್ಕೆ ಬಳಸಬಾರದು ಅನ್ನುತ್ತದೆ ಅದು. ಭಾರತದಲ್ಲಿ ಕಂಪನಿಗಳು ಸಾಮೂಹಿಕ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ ಕಳಿಸುವವರ ಹೆಸರು ಮತ್ತು ಮೆಸೇಜ್‌ನ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಿರಬೇಕು. ನೀವು ಒಬ್ಬರಿಗೆ ಕೈಯಾರೆ ಟೈಪ್ ಮಾಡಿ ಕಳಿಸುವುದಕ್ಕೂ ಸಾವಿರ ಜನಕ್ಕೆ ಸಾಫ್ಟ್‌ವೇರ್‌ನಿಂದ ಕಳಿಸುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದನ್ನು ಮಾಡುವ ಮೊದಲು ಬಲ್ಲವರನ್ನು ಕೇಳಿ. ಎಲ್ಲ ಕಡೆಗೂ ಒಪ್ಪುವ ಮಾತು ಇಷ್ಟೇ: ಮೊದಲು ಕೇಳಿ, ಬೇಡ ಅಂದ ದಿನವೇ ನಿಲ್ಲಿಸಿ.

ಈಗ ಮೆಸೇಜ್ ಬರೆಯುವ ಬಗ್ಗೆ. ಮೊದಲ ಮೆಸೇಜ್‌ನಲ್ಲಿ ಅವರ ಹೆಸರು, ನಿಮ್ಮ ಹೆಸರು, ಕಂಪನಿ, ಏನು ಬೇಕು, ಎಷ್ಟರೊಳಗೆ ಬೇಕು ಇಷ್ಟಿದ್ದರೆ ಸಾಕು. ಉದಾಹರಣೆಗೆ ಹೀಗೆ:

‘ನಮಸ್ತೆ ಸುಮಾ ಅವರೇ. ನಾನು (ಕಂಪನಿ ಹೆಸರು) ಎಚ್‌ಆರ್ ವಿಭಾಗದ ರವಿ. ನೀವು ಕಳಿಸಿದ್ದ ಅರ್ಜಿಯ ಬಗ್ಗೆ 10 ನಿಮಿಷ ಫೋನಿನಲ್ಲಿ ಮಾತಾಡಬೇಕಿತ್ತು. ನಾಳೆ ಸಂಜೆ ಯಾವ ಹೊತ್ತು ಆಗುತ್ತದೆ ತಿಳಿಸಿ.’

‘ಇಂಟರ್‌ವ್ಯೂ’ ಅನ್ನುವ ಮಾತು ಇದರಲ್ಲಿಲ್ಲ, ಗಮನಿಸಿದಿರಾ? ಬೇಕಂತಲೇ ಬಿಟ್ಟಿದ್ದು. ಅರ್ಜಿ ಹಾಕಿದವರಲ್ಲಿ ತುಂಬಾ ಜನ ಈಗಾಗಲೇ ಬೇರೆ ಕಡೆ ಕೆಲಸದಲ್ಲಿರುತ್ತಾರೆ. ಫೋನ್ ಮೇಜಿನ ಮೇಲಿರುತ್ತದೆ. ಲಾಕ್ ಆಗಿದ್ದರೂ ಮೆಸೇಜ್‌ನ ಮೊದಲ ಸಾಲು ಪರದೆ ಮೇಲೆ ಕಾಣುತ್ತದೆ. ಪಕ್ಕದಲ್ಲಿ ಬಾಸ್ ಇದ್ದರೆ? ನಿಮ್ಮ ಅವಸರಕ್ಕೆ ಅವರ ಕೆಲಸಕ್ಕೆ ಕುತ್ತು ಬರಬಾರದು. ‘ಅರ್ಜಿ’ ಅಂದರೂ ಅನುಮಾನ ಬರಬಹುದು ಅನ್ನಿಸಿದರೆ ‘ನೀವು ಕಳಿಸಿದ್ದ ಮೇಲ್ ಬಗ್ಗೆ’ ಅನ್ನಿ. ಅವರಿಗೆ ಅರ್ಥವಾಗುತ್ತದೆ.

ದಿನಾಂಕವನ್ನು ಅಂಕಿಗಳಲ್ಲಷ್ಟೇ ಬರೆಯಬೇಡಿ. 03/04 ಅಂದರೆ ಕೆಲವರಿಗೆ ಏಪ್ರಿಲ್ 3, ಕೆಲವರಿಗೆ ಮಾರ್ಚ್ 4. ವಾರ, ತಿಂಗಳ ಹೆಸರು, ಬೆಳಗ್ಗೆಯೋ ಸಂಜೆಯೋ ಎಲ್ಲ ಇರಲಿ. ಬೇರೆ ದೇಶದವರ ಜೊತೆ ವಿಡಿಯೋ ಕಾಲ್ ಇದ್ದರೆ ಯಾವ ದೇಶದ ಸಮಯ ಅನ್ನುವುದನ್ನೂ ಸೇರಿಸಿ.

ಉದ್ದದ ಬಗ್ಗೆ ಒಂದು ಮಾತು. ಎಸ್‌ಎಂಎಸ್ ಶುರುವಾಗಿದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ ಕಳಿಸಿದ ‘ಮೆರಿ ಕ್ರಿಸ್‌ಮಸ್’ ಅನ್ನುವ ಪುಟ್ಟ ಸಂದೇಶದಿಂದ. ಅಂದಿನಿಂದ ಇಂದಿನವರೆಗೂ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಯುವುದು 140 ಬೈಟ್ ಮಾತ್ರ. ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡ ಆದರೆ 70. ಅದೂ ನಾವು ಎಣಿಸುವ ಅಕ್ಷರವಲ್ಲ. ಕನ್ನಡದಲ್ಲಿ ಸೊನ್ನೆ, ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಸಂದರ್ಶನ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಫೋನಿಗೆ ಏಳು. ಇಂಗ್ಲಿಷ್ ಮೆಸೇಜ್‌ನಲ್ಲಿ ಒಂದೇ ಒಂದು ಕನ್ನಡ ಅಕ್ಷರವೋ ಎಮೋಜಿಯೋ ಸೇರಿದರೂ ಪೂರ್ತಿ ಮೆಸೇಜ್‌ಗೆ 70ರ ಮಿತಿ ಬೀಳುತ್ತದೆ. ಮಿತಿ ದಾಟಿದರೆ ಮೆಸೇಜ್ ತುಂಡಾಗಿ ಹೋಗುತ್ತದೆ. ಫೋನ್ ಅದನ್ನು ಮತ್ತೆ ಜೋಡಿಸಿ ತೋರಿಸುತ್ತದೆ, ಆದರೆ ಬಿಲ್ ಆಗುವುದು ತುಂಡುಗಳ ಲೆಕ್ಕದಲ್ಲಿ. ಒಬ್ಬಿಬ್ಬರಿಗೆ ಕಳಿಸುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೇಲಿನ ಮಾದರಿಯೂ 70 ದಾಟುತ್ತದೆ, ದಾಟಲಿ. ಸಾವಿರಗಟ್ಟಲೆ ಕಳಿಸುವವರು ಮಾತ್ರ ಲೆಕ್ಕ ನೋಡಿಕೊಳ್ಳಿ.

ವಾಟ್ಸ್‌ಆ್ಯಪ್‌ನಲ್ಲಿ ಈ ಮಿತಿಯ ರಗಳೆ ಇಲ್ಲ. ಆದರೆ ಬೇರೆ ರಗಳೆ ಇವೆ. ಇಂಟರ್‌ವ್ಯೂಗೆ ಬರುವವರನ್ನೆಲ್ಲ ಒಂದು ಗ್ರೂಪ್‌ಗೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಯಾರು ಯಾರು ಕೆಲಸ ಹುಡುಕುತ್ತಿದ್ದಾರೆ ಅನ್ನುವುದು ಅವರ ನಂಬರ್ ಸಮೇತ ಎಲ್ಲರಿಗೂ ಗೊತ್ತಾಗುತ್ತದೆ. ಒಂದೇ ಆಫೀಸಿನ ಇಬ್ಬರು ಆ ಗ್ರೂಪ್‌ನಲ್ಲಿ ಎದುರುಬದುರಾಗಬಹುದು. ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಯಾರ ನಂಬರೂ ಬೇರೆಯವರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಭ್ಯರ್ಥಿಗಳು ಯಾಕೆ ಸೇವ್ ಮಾಡಿಕೊಂಡಿರುತ್ತಾರೆ? ಹಾಗಾಗಿ ಒಬ್ಬೊಬ್ಬರಿಗೇ ಕಳಿಸುವುದು ವಾಸಿ.

ಡಿಪಿಯದ್ದು ಇನ್ನೊಂದು ಕಥೆ. ರೆಸ್ಯೂಮೆಯಲ್ಲಿ ಫೋಟೋ, ಧರ್ಮ, ಮದುವೆಯ ವಿವರ ಬೇಡ ಅಂತ ಎಷ್ಟೋ ಕಂಪನಿಗಳು ನಿಯಮ ಮಾಡಿಕೊಂಡಿವೆ. ವಾಟ್ಸ್‌ಆ್ಯಪ್ ತೆರೆದ ಕೂಡಲೇ ಅದೆಲ್ಲ ಡಿಪಿಯಲ್ಲಿ ಕಾಣುತ್ತದೆ: ಮದುವೆ ಫೋಟೋ, ಮಗು, ದೇವರು, ಪಕ್ಷದ ಬಾವುಟ. ನೋಡಿದ್ದನ್ನು ನೋಡಿಲ್ಲ ಅಂತ ಮನಸ್ಸಿಗೆ ಹೇಳುವುದು ಕಷ್ಟ. ಅದಕ್ಕೇ ಆಯ್ಕೆ ಮಾಡುವವರು ಬೇರೆ, ಮೆಸೇಜ್ ಕಳಿಸುವವರು ಬೇರೆ ಇದ್ದರೆ ಒಳ್ಳೆಯದು. ಅಷ್ಟು ಜನ ಇಲ್ಲದ ಸಣ್ಣ ಕಂಪನಿಯಾದರೆ ಮೊದಲ ಹಂತದಲ್ಲಿ ಸುಮ್ನೆ ಎಸ್‌ಎಂಎಸ್ ಕಳಿಸಿ. ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿಗೂ ಅದು ತಲುಪುತ್ತದೆ. ಡ್ರೈವರ್, ಸೆಕ್ಯುರಿಟಿ, ಗೋದಾಮಿನ ಕೆಲಸಕ್ಕೆ ಜನ ಹುಡುಕುವವರಿಗೆ ಇದು ಸಣ್ಣ ವಿಷಯವೇನಲ್ಲ.

ಉತ್ತರ ಬರದಿದ್ದರೆ ಏನರ್ಥ? ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಫೋನ್ ಆಫ್ ಆಗಿದ್ದರೆ ಎಸ್‌ಎಂಎಸ್ ಮೊಬೈಲ್ ಕಂಪನಿಯ ಸರ್ವರ್‌ನಲ್ಲಿ ಕಾಯುತ್ತಿರುತ್ತದೆ. ಇಂತಿಷ್ಟು ಅವಧಿ ಕಳೆದ ಮೇಲೆ ಅಳಿಸಿ ಹೋಗುತ್ತದೆ. ನಿಮ್ಮ ಫೋನ್ ಮಾತ್ರ ‘ಸೆಂಟ್’ ಅಂತಲೇ ತೋರಿಸುತ್ತಿರುತ್ತದೆ. ಅರ್ಜಿ ಹಳೆಯದಾಗಿದ್ದರೆ ನಂಬರ್ ಈಗ ಬೇರೆ ಯಾರದ್ದೋ ಆಗಿರಬಹುದು, ಬಳಕೆ ನಿಂತ ನಂಬರ್‌ಗಳನ್ನು ಹೊಸಬರಿಗೆ ಕೊಡುತ್ತಾರಲ್ಲ. ಸಂಬಳದ ಮಾತು ಮೆಸೇಜ್‌ನಲ್ಲಿ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಒಂದು ದಿನ ಕಾದು ಒಂದು ಫೋನ್ ಮಾಡಿ, ಒಂದು ಮೇಲ್ ಹಾಕಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ. ಐದು ನಿಮಿಷದಲ್ಲಿ ಉತ್ತರ ಕೊಟ್ಟವರು ಚುರುಕು, ಸಂಜೆ ಕೊಟ್ಟವರು ಸೋಮಾರಿ ಅಂತ ಅಳೆಯುವವರನ್ನು ನೋಡಿದ್ದೇನೆ. ಅದು ಶುದ್ಧ ತಪ್ಪು. ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟದೆ ಇರುವವರು ನಿಮಗೂ ಬೇಕಲ್ವಾ?

ರಾತ್ರಿ ಹನ್ನೊಂದಕ್ಕೆ ನೆನಪಾದರೆ ಟೈಪ್ ಮಾಡಿಡಿ, ಬೆಳಗ್ಗೆ ಕಳಿಸಿ. ಇಂಟರ್‌ವ್ಯೂ ನೆನಪಿಸುವ ಮೆಸೇಜ್ ಹಿಂದಿನ ದಿನ ಒಂದು ಹೋದರೆ ಸಾಕು. ಅದರಲ್ಲೇ ‘ಬರಲು ಆಗದಿದ್ದರೆ ತಿಳಿಸಿ, ಬೇರೆ ದಿನ ನೋಡೋಣ’ ಅಂತ ಸೇರಿಸಿ. ಬರಲಾಗದವರು ಮುಜುಗರಪಟ್ಟು ಸುಮ್ಮನಿದ್ದುಬಿಡುತ್ತಾರೆ. ಈ ಒಂದು ಸಾಲು ಇದ್ದರೆ ಹೇಳುತ್ತಾರೆ.

ಆಯ್ಕೆಯಾಗಿಲ್ಲ ಅನ್ನುವುದನ್ನು ಮೆಸೇಜ್‌ನಲ್ಲಿ ಹೇಳಬಹುದಾ? ಬರೀ ಅರ್ಜಿ ಹಾಕಿದವರಿಗೆ ಹೇಳಬಹುದು, ಏನೂ ಹೇಳದೆ ಇರುವುದಕ್ಕಿಂತ ಎಷ್ಟೋ ಮೇಲು. ಇಂಟರ್‌ವ್ಯೂಗೆ ಬಂದು ನಿಮ್ಮೆದುರು ಕೂತು ಹೋದವರಿಗೆ ಬೇಡ. ಅವರಿಗೆ ಒಂದು ಫೋನ್, ಆಗದಿದ್ದರೆ ಹೆಸರು ಹಾಕಿ ಬರೆದ ಒಂದು ಮೇಲ್. ರಜೆ ಹಾಕಿ ಬಂದಿರುತ್ತಾರೆ, ಅಷ್ಟಾದರೂ ಮಾಡಬೇಕು.

ಇದೆಲ್ಲ ಯಾರ ಫೋನಿನಿಂದ ಹೋಗುತ್ತಿದೆ ಅನ್ನುವುದನ್ನೂ ನೋಡಿಕೊಳ್ಳಿ. ಎಚ್‌ಆರ್ ಅವರ ಸ್ವಂತ ನಂಬರ್‌ನಿಂದ ಹೋಗುತ್ತಿದ್ದರೆ, ಅವರು ಕೆಲಸ ಬಿಟ್ಟ ದಿನ ಎಲ್ಲ ಮಾತುಕತೆಯೂ ಅವರ ಜೊತೆ ಹೋಗುತ್ತದೆ. ನಾಳೆ ಯಾರಾದರೂ ‘ನನಗೆ ಅನ್ಯಾಯವಾಗಿದೆ’ ಅಂತ ದೂರು ಕೊಟ್ಟರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ನೇಮಕಾತಿಯ ದಾಖಲೆಗಳನ್ನು ಇಂತಿಷ್ಟು ಕಾಲ ಇಟ್ಟಿರಲೇಬೇಕು ಅನ್ನುವ ದೇಶಗಳಿವೆ. ಅಮೆರಿಕದಲ್ಲಿ ಖಾಸಗಿ ಕಂಪನಿಗಳಿಗೆ ಅದು ಸಾಮಾನ್ಯವಾಗಿ ಒಂದು ವರ್ಷ. ಕಂಪನಿಗೇ ಅಂತ ಒಂದು ನಂಬರ್ ತೆಗೆದುಕೊಳ್ಳಿ. ಮುಖ್ಯ ಮಾತು ಏನಾದರೂ ಮೆಸೇಜ್‌ನಲ್ಲಿ ನಡೆದುಹೋಗಿದ್ದರೆ ಅದನ್ನೇ ಮೇಲ್‌ನಲ್ಲಿ ಒಮ್ಮೆ ಬರೆದು ಕಳಿಸಿ.

ಆಫರ್ ಲೆಟರ್ ಮೇಲ್‌ನಲ್ಲೇ ಹೋಗಲಿ, ‘ಮೇಲ್ ಕಳಿಸಿದ್ದೇವೆ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ’ ಅನ್ನುವುದು ಮೆಸೇಜ್‌ನಲ್ಲಿ. ನನ್ನನ್ನು ಕೇಳಿದರೆ ಮೆಸೇಜ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದಾದ ಮೇಲೆ, ಹೆಚ್ಚಿನ ಕಂಪನಿಗಳು ಸುಮ್ಮನಾಗಿಬಿಡುವ ಆ ನೋಟಿಸ್ ಪೀರಿಯಡ್‌ನಲ್ಲಿ. ಒಪ್ಪಿಕೊಂಡವರು ಸೇರುವ ಹೊತ್ತಿಗೆ ಒಂದೆರಡು ತಿಂಗಳು ಕಳೆಯಬಹುದು. ಅಷ್ಟರಲ್ಲಿ ಬೇರೆ ಕಡೆಯಿಂದಲೂ ಆಫರ್ ಬರುತ್ತದೆ. ಎರಡು ವಾರಕ್ಕೊಮ್ಮೆ ಒಂದು ಸಾಲು ಸಾಕು. ರಾಜೀನಾಮೆ ಒಪ್ಪಿದರಾ, ಯಾವ ದಾಖಲೆ ತರಬೇಕು, ಮೊದಲ ದಿನ ಎಷ್ಟು ಹೊತ್ತಿಗೆ ಬಂದು ಯಾರನ್ನು ಕೇಳಬೇಕು. ಇವೆಲ್ಲ ಒಂದು ಸಾಲಿನ ವಿಷಯಗಳೇ.