ಮಧ್ಯಾಹ್ನಕ್ಕೇ ಖಾಲಿಯಾಗುವ ಗ್ಯಾಸ್ ಮಾತ್ರೆ

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. ಕಾಫಿ ಕೊಯ್ಲು ಶುರುವಾದರೆ ದೊಡ್ಡಪ್ಪನ ಹೊಟ್ಟೆಯುರಿಯೂ ಶುರು. ಪಕ್ಕದ ತೋಟದ ಬೆಳೆ ನೋಡಿ ಬರುವ ಹೊಟ್ಟೆಯುರಿ ಅಲ್ಲ, ನಿಜವಾದದ್ದೇ. ಕಣದಲ್ಲಿ ಹಣ್ಣು ಹರವುವಾಗ ಒಂದು ಲೋಟ ಬೆಲ್ಲದ ಕಾಫಿ, ಆಳುಗಳ ಲೆಕ್ಕ ಬರೆಯುವಾಗ ಇನ್ನೊಂದು, ಸಂಜೆ ತೂಕ ಹಾಕುವಾಗ ಮತ್ತೊಂದು. ರಾತ್ರಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ ಪಂದಿ ಕರಿ, ಅಂದರೆ ಹಂದಿ ಸಾರು. ಮಲಗಿದ ಮೇಲೆ ಹುಳಿ ತೇಗು. ಆಗ ಎದ್ದು ಒಂದು ಗ್ಯಾಸ್ ಮಾತ್ರೆ.

"ಇದನ್ನ ನುಂಗಿದರೂ ಒಂದೇ, ಬಿಟ್ಟರೂ ಒಂದೇ" ಎಂದು ಬೈಗುಳ ನನಗೆ. ನಾನು ಮೆಡಿಕಲ್ ಸ್ಟೋರಿನಲ್ಲಿ ನಿಲ್ಲುವವನು, ಹಾಗಾಗಿ ಮಾತ್ರೆ ಕಂಡುಹಿಡಿದವನೂ ನಾನೇ!

ತಪ್ಪು ಮಾತ್ರೆಯದ್ದಲ್ಲ, ಹೊತ್ತಿನದ್ದು.

ಜಠರದ ಗೋಡೆಯಲ್ಲಿ ಆಸಿಡ್ ಮಾಡುವ ಕೋಶಗಳಿವೆ. ಹುಳಿ ಅಳೆಯುವ ಅಂಕಕ್ಕೆ ಪಿಎಚ್ ಅನ್ನುತ್ತಾರೆ. ನಮ್ಮ ರಕ್ತದ ಪಿಎಚ್ 7.4. ಖಾಲಿ ಹೊಟ್ಟೆಯ ರಸದ್ದು 1ರಿಂದ 2. ಒಂದೊಂದು ಅಂಕ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ ಆ ಕೋಶ ರಕ್ತಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹುಳಿಯಾದದ್ದನ್ನು ಆಚೆ ನೂಕಬೇಕು. ಇದಕ್ಕೆ ಅದರಲ್ಲಿ ಪುಟಾಣಿ ಪಂಪುಗಳಿವೆ. ಪೊಟ್ಯಾಸಿಯಂ ಒಳಗೆಳೆದುಕೊಂಡು, ಹುಳಿಗೆ ಕಾರಣವಾದ ಪ್ರೋಟಾನ್ ಹೊರಗೆ ಹಾಕುವ ಪ್ರೋಟಾನ್ ಪಂಪುಗಳು. ಊಟದ ವಾಸನೆ ಬಡಿದರೂ ಸಾಕು, ಮೆದುಳಿನಿಂದ ನರದ ಮೂಲಕ ಸುದ್ದಿ ಬರುತ್ತದೆ. ಗ್ಯಾಸ್ಟ್ರಿನ್, ಹಿಸ್ಟಮಿನ್ ಎಂಬ ಮೈಯೊಳಗಿನ ರಾಸಾಯನಿಕಗಳೂ ಬಂದು ಪಂಪಿನ ಸ್ವಿಚ್ ಒತ್ತುತ್ತವೆ. ಕಾಫಿಯೂ ಒತ್ತುತ್ತದೆ, ಕೆಫೀನ್ ತೆಗೆದ ಕಾಫಿಯೂ ಬಿಡುವುದಿಲ್ಲ.

ಮೊದಲು ಹಿಸ್ಟಮಿನ್ ದಾರಿ ಮುಚ್ಚುವ ಔಷಧಿ ಬಂತು. 1976ರಲ್ಲಿ ಮಾರುಕಟ್ಟೆಗೆ ಬಂದ ಸಿಮೆಟಿಡಿನ್. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಹಂಚಿಕೆಯಾಯಿತು. ಆಮೇಲೆ ಬಂದ ಒಮೆಪ್ರಜೋಲ್ ಸ್ವಿಚ್ಚಿನ ಗೋಜಿಗೆ ಹೋಗದೆ ಪಂಪಿಗೇ ಕೈ ಹಾಕಿತು. ದೊಡ್ಡಪ್ಪ ನುಂಗುವುದು ಇದನ್ನೇ.

ಈ ಮಾತ್ರೆಯ ಪಯಣ ಸ್ವಲ್ಪ ಸುತ್ತುದಾರಿ. ಆಸಿಡ್ ತಾಗಿದರೆ ಅದು ಹಾಳಾಗುತ್ತದೆ. ಅದಕ್ಕೇ ಕ್ಯಾಪ್ಸೂಲ್ ಒಳಗಿನ ಕಾಳುಗಳಿಗೆ ಆಸಿಡ್‌ಗೆ ಜಗ್ಗದ ಲೇಪ. (ನುಂಗೋಕೆ ಕಷ್ಟ ಅಂತ ಕಾಳುಗಳನ್ನು ಕುಟ್ಟಿ ಪುಡಿ ಮಾಡುವವರಿದ್ದಾರೆ, ದಯವಿಟ್ಟು ಬೇಡ.) ಜಠರ ದಾಟಿ ಸಣ್ಣ ಕರುಳಿನಲ್ಲಿ ಕರಗಿ, ರಕ್ತ ಸೇರಿ, ಅದೇ ಜಠರದ ಕೋಶಕ್ಕೆ ಹಿಂಬಾಗಿಲಿನಿಂದ ಬರುತ್ತದೆ. ಅಲ್ಲಿ ಪಂಪು ಓಡುತ್ತಿದ್ದರೆ ಆ ಆಸಿಡ್ಡೇ ಮಾತ್ರೆಯ ರೂಪ ಬದಲಿಸಿ ಪಂಪಿಗೆ ಬಿಗಿಯಾಗಿ ಅಂಟಿಸುತ್ತದೆ. ಓಡದ ಪಂಪನ್ನು ಅದು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ.

ಇತ್ತ ಯಕೃತ್ತು ಸುಮ್ನೆ ಕೂತಿರುವುದಿಲ್ಲ. ಅದರ ಕಿಣ್ವಗಳು ಔಷಧಿಯನ್ನು ನೀರಲ್ಲಿ ಕರಗುವ ಹಾಗೆ ಬದಲಿಸುತ್ತವೆ, ಮೂತ್ರಪಿಂಡ ಅದನ್ನು ಹೊರಗೆ ಕಳಿಸುತ್ತದೆ. ಒಮೆಪ್ರಜೋಲ್‌ನ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧವಾಗಲು ಹಿಡಿಯುವ ಹೊತ್ತು, ಸುಮಾರು ಒಂದೇ ಗಂಟೆ. ರಕ್ತದಲ್ಲಿ 32 ಪಾಲು ಇತ್ತು ಅನ್ನಿ. ಒಂದು ಗಂಟೆ ಕಳೆದರೆ 16, ಆಮೇಲೆ 8, 4, 2. ಐದನೇ ಗಂಟೆಗೆ ಒಂದೇ ಪಾಲು. ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನದ ಊಟಕ್ಕೆ ಹೆಚ್ಚುಕಮ್ಮಿ ಖಾಲಿ.

"ಮತ್ತೆ ಒಂದು ದಿನ ಪೂರ್ತಿ ಕೆಲಸ ಮಾಡುತ್ತೆ ಅಂತೀಯಲ್ಲೋ?" ದೊಡ್ಡಪ್ಪ ಕೇಳಿದರು. ನಾನು ಕೋಶ, ಅಣು ಅಂತ ಶುರು ಮಾಡಿದೆ. ಅವರೇ ತಡೆದರು. "ಕಾಫಿ ಹೂ ಅರಳಿಸೋ ಹೂಮಳೆ ಬಾರದ ವರ್ಷ ಕೆರೆಗೆ ಮೋಟಾರ್ ಇಟ್ಟಿದ್ವಲ್ಲ, ಫುಟ್‌ವಾಲ್ವಿಗೆ ಕಸ ಸಿಕ್ಕಿ ಸ್ಪ್ರಿಂಕ್ಲರ್ ತಿರುಗಲೇ ಇಲ್ಲ. ಕಸ ಎಸೆದವನು ಯಾವತ್ತೋ ಮನೆ ಸೇರಿದ್ದ. ಹಾಗಾ?" ಹಾಗೇ. ಒಂದೇ ವ್ಯತ್ಯಾಸ, ಇಲ್ಲಿ ಕಸ ತೆಗೆಯುವುದಕ್ಕಿಂತ ಕೋಶ ಹೊಸ ಪಂಪು ಮಾಡಿಕೊಳ್ಳುವುದೇ ಜಾಸ್ತಿ, ಅದಕ್ಕೆ ದಿನಗಳು ಹಿಡಿಯುತ್ತವೆ.

ರಾತ್ರಿಯಿಡೀ ಉಪವಾಸವಿದ್ದಾಗ ಪಂಪುಗಳು ತಯಾರಾಗಿ ಕಾಯುತ್ತವೆ, ತಿಂಡಿ ತಿಂದಾಗ ಒಟ್ಟಿಗೆ ಓಡುತ್ತವೆ. ಔಷಧಿ ಆ ಹೊತ್ತಿಗೆ ರಕ್ತದಲ್ಲಿರಬೇಕು. ಅದಕ್ಕೇ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಿ ಅನ್ನುವುದು. ಊಟ ಮುಗಿಸಿ ಮಲಗುವಾಗ ನುಂಗಿದರೆ ಪಂಪುಗಳು ನಿದ್ದೆಗೆ ಜಾರುವ ಹೊತ್ತು. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನವೂ ಬೇಕು.

ಎಲ್ಲರ ಯಕೃತ್ತೂ ಒಂದೇ ವೇಗದ್ದಲ್ಲ. ಇದನ್ನು ಕಳೆಯುವ ಮುಖ್ಯ ಕಿಣ್ವ ಸಿವೈಪಿ2ಸಿ19. ಕೆಲವರಲ್ಲಿ ಅದು ಹುಟ್ಟಿನಿಂದಲೇ ನಿಧಾನ, ಅವರಿಗೆ ಮಾತ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಯುರೋಪಿನವರಿಗಿಂತ ಏಷ್ಯಾದವರಲ್ಲಿ ಇಂಥವರು ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ಹೃದಯದ ತೊಂದರೆಯವರಿಗೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆ ಕೆಲಸ ಶುರು ಮಾಡಲು ಇದೇ ಕಿಣ್ವ ಬೇಕು. ಒಮೆಪ್ರಜೋಲ್ ಅದನ್ನು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಕೊಡಬೇಡಿ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿದೆ. ಕೌಂಟರಿನಲ್ಲಿ "ಬೇರೆ ಏನು ಮಾತ್ರೆ ತಗೋತೀರಾ?" ಎಂದು ಕೇಳುವುದು ಇದಕ್ಕೇ, ಕುತೂಹಲಕ್ಕಲ್ಲ.

ತಿಂಗಳುಗಟ್ಟಲೆ ನುಂಗಿ ಥಟ್ಟನೆ ಬಿಟ್ಟರೆ ಹುಳಿ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ಬಿಡುವುದನ್ನೂ ಡಾಕ್ಟರ್ ಹತ್ತಿರ ಕೇಳಿಯೇ ಬಿಡಬೇಕು.

ದೊಡ್ಡಪ್ಪ ಈಗ ಏಳುತ್ತಲೇ ಮಾತ್ರೆ ನುಂಗಿ ತೋಟಕ್ಕೆ ಒಂದು ಸುತ್ತು ಹಾಕಿ, ಬಂದು ಅಕ್ಕಿ ರೊಟ್ಟಿ ತಿನ್ನುತ್ತಾರೆ. ರಾತ್ರಿ ತೇಗು ಕಮ್ಮಿಯಾಗಿದೆ. ನಿದ್ದೆ ಮಾತ್ರ ಬರುವುದಿಲ್ಲವಂತೆ. ಕೆಫೀನ್‌ನ ಅರ್ಧಾಯುಷ್ಯ ಸುಮಾರು ಐದು ಗಂಟೆ, ಸಂಜೆ ಆರರ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ ಅಂದೆ. ಬೀಡಿಯ ಹೊಗೆ ಕೆಫೀನ್ ಕಳೆಯುವ ಕಿಣ್ವವನ್ನು ಚುರುಕು ಮಾಡುತ್ತದೆ ಅನ್ನುವುದನ್ನು ಹೇಳಲು ಹೋಗಲಿಲ್ಲ. ಎಂಟು ವರ್ಷದ ಹಿಂದೆ ಬಿಟ್ಟ ಬೀಡಿ, ನೆಪ ಸಿಕ್ಕರೆ ಮತ್ತೆ ಹಚ್ಚಿಯಾರು.