ಕಾರ್ಗೋ ಪೈಲಟ್ ಸಂಬಳಕ್ಕೆ ಕತ್ತರಿ: ಪೇ ಸ್ಲಿಪ್, ಲಾಗ್‌ಬುಕ್, ತೊಂಬತ್ತು ದಿನ

ಕಾರ್ಗೋ ಕಂಪನಿಯಲ್ಲಿ ಸಂಬಳ ಕಡಿತದ ಸುದ್ದಿ ಎಚ್‌ಆರ್ ಪತ್ರಕ್ಕಿಂತ ಮೊದಲು ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಕಾಣಿಸುತ್ತದೆ. ವಾರಕ್ಕೆ ಐದು ರಾತ್ರಿ ಇದ್ದ ಸೆಕ್ಟರ್ (ಒಂದು ಮಾರ್ಗದ ಹಾರಾಟ) ಮೂರಕ್ಕೆ ಇಳಿಯುತ್ತದೆ. ಸ್ಟ್ಯಾಂಡ್‌ಬೈ ದಿನಗಳು ಹೆಚ್ಚುತ್ತವೆ. ಸಿ-ಚೆಕ್ ಎಂಬ ದೊಡ್ಡ ತಪಾಸಣೆಗೆಂದು ಹೋದ ವಿಮಾನ ತಿಂಗಳುಗಟ್ಟಲೆ ಹ್ಯಾಂಗರ್ ಬಿಟ್ಟು ಹೊರಬರುವುದಿಲ್ಲ. ಸಿಮ್ಯುಲೇಟರ್ ತರಬೇತಿಯ ಸ್ಲಾಟ್ ಒಂದಲ್ಲ ಒಂದು ನೆಪದಲ್ಲಿ ಮುಂದಕ್ಕೆ ಹೋಗುತ್ತದೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಪತ್ರಕ್ಕಾಗಿ ಕಾಯುತ್ತ ಕೂರಬೇಡಿ, ಅಂದಿನಿಂದಲೇ ತಯಾರಿ ಶುರು ಮಾಡಿ.

ಪ್ರಯಾಣಿಕರ ವಿಮಾನದ ಆದಾಯ ಲಕ್ಷಾಂತರ ಟಿಕೆಟ್‌ಗಳಿಂದ ಬರುತ್ತದೆ. ಕಾರ್ಗೋ ವಿಮಾನದ್ದು ಹಲವು ಸಲ ನಾಲ್ಕೈದು ದೊಡ್ಡ ಗ್ರಾಹಕರ ಕೈಯಲ್ಲಿರುತ್ತದೆ, ಕಡಿತಕ್ಕೆ ಇದು ಮೊದಲ ಕಾರಣ. ಅಮೆರಿಕದ ಅಂಚೆ ಇಲಾಖೆಯ ವಿಮಾನ ಸಾಗಣೆ ಗುತ್ತಿಗೆ 2024ರ ಸೆಪ್ಟೆಂಬರ್ 29ಕ್ಕೆ ಫೆಡೆಕ್ಸ್‌ನಿಂದ ಯುಪಿಎಸ್ ಕಡೆಗೆ ಹೋಯಿತು. ಆ ಗುತ್ತಿಗೆಗೆಂದೇ ಹಗಲು ಹಾರುತ್ತಿದ್ದ ವಿಮಾನಗಳ ಕೆಲಸ ಅಲ್ಲಿಗೆ ಕುಗ್ಗಿತು. ಎರಡನೇ ಕಾರಣ ಪ್ರಯಾಣಿಕರ ವಿಮಾನದ ಹೊಟ್ಟೆಯೊಳಗಿನ ಜಾಗ. ಕೋವಿಡ್ ಕಾಲದಲ್ಲಿ ಆ ವಿಮಾನಗಳು ನಿಂತಾಗ ಸರಕಿನ ದರ ಏರಿತು, ಎಲ್ಲರೂ ಸರಕು ಮಾತ್ರ ಸಾಗಿಸುವ ಫ್ರೈಟರ್ ವಿಮಾನ ತಂದರು. ಪ್ರಯಾಣಿಕರ ವಿಮಾನಗಳು ಮತ್ತೆ ಹಾರಲು ಶುರುವಾದಾಗ ಜಾಗ ಮಿಕ್ಕಿ, ದರ ಇಳಿಯಿತು. 2023ರಲ್ಲಿ ಜಗತ್ತಿನ ವಿಮಾನ ಸರಕು ಕುಸಿಯಿತು, 2024ರಲ್ಲಿ ದಾಖಲೆ ಮಟ್ಟಕ್ಕೆ ಏರಿತು. ಈ ಏರಿಳಿತ ಹೀಗೇ ನಡೆಯುತ್ತಿರುತ್ತದೆ. ಕೆಲಸ ಮರಳಿ ಬರುತ್ತದೆ, ಆದರೆ ಅದು ಬಂದ ದಿನ ನಿಮ್ಮ ಲೈಸೆನ್ಸ್, ಮೆಡಿಕಲ್ (ವೈದ್ಯಕೀಯ ಅರ್ಹತೆ), ರೇಟಿಂಗ್ (ಇಂಥ ಮಾದರಿ ಅಥವಾ ಇಂಥ ಬಗೆಯ ಹಾರಾಟಕ್ಕೆ ಅರ್ಹತೆ) ಎಲ್ಲವೂ ಜೀವಂತವಾಗಿರಬೇಕು. ಮುಂದೆ ಬರುವ ಲೆಕ್ಕವೆಲ್ಲ ಇದಕ್ಕಾಗಿಯೇ.

ಮೊದಲು ಪೇ ಸ್ಲಿಪ್ ಬಿಡಿಸಿ ನೋಡಿ. ಪೈಲಟ್ ಸಂಬಳದಲ್ಲಿ ಬೇಸಿಕ್, ನಿಗದಿತ ಭತ್ಯೆ, ಗಂಟೆ ಲೆಕ್ಕದ ಹಾರಾಟ ಭತ್ಯೆ, ಹೊರ ಊರಿನಲ್ಲಿ ತಂಗುವುದಕ್ಕೆ ಲೇಓವರ್ ಭತ್ಯೆ ಎಂಬ ತುಂಡುಗಳಿರುತ್ತವೆ. ಯಾವ ತುಂಡಿಗೆ ಕತ್ತರಿ ಬಿದ್ದಿದೆ ಎಂಬುದರ ಮೇಲೆ ನಷ್ಟದ ಗಾತ್ರ ನಿಂತಿದೆ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಬೇಸಿಕ್ ಮತ್ತು ನಿಗದಿತ ಭತ್ಯೆ ಸೇರಿ 2,00,000 ರೂಪಾಯಿ, ಹಾರಲಿ ಬಿಡಲಿ ಹಣ ಸಿಗುವ ಖಾತರಿ 70 ಗಂಟೆಗೆ, ತಲಾ 4,000ದಂತೆ 2,80,000, ಒಟ್ಟು 4,80,000. ಕಂಪನಿ 'ಸಂಬಳ ಮುಟ್ಟಿಲ್ಲ, ಖಾತರಿ ಗಂಟೆ ಮಾತ್ರ 45ಕ್ಕೆ ಇಳಿಸಿದ್ದೇವೆ' ಎನ್ನುತ್ತದೆ. ಕೈಗೆ ಬರುವುದರಲ್ಲಿ ತಿಂಗಳಿಗೆ 1,00,000 ಹೋಯಿತು, ಅಂದರೆ ಶೇ 20ಕ್ಕಿಂತ ಹೆಚ್ಚು. ಪತ್ರದಲ್ಲಿ ಮಾತ್ರ 'ಕಡಿತ' ಎಂಬ ಪದವೇ ಇರುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ನಷ್ಟ ಗ್ರಾಚ್ಯುಟಿಯಲ್ಲಿದೆ. ಅದನ್ನು ಕೊನೆಯದಾಗಿ ಪಡೆದ ವೇತನದ ಮೇಲೆ ಲೆಕ್ಕ ಹಾಕುತ್ತಾರೆ: ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಬೇರೊಂದು ಉದಾಹರಣೆಯಲ್ಲಿ, ಲೆಕ್ಕಕ್ಕೆ ಹಿಡಿಯುವ ವೇತನ 2,40,000 ಇದ್ದು 8 ವರ್ಷ ಸೇವೆಯಾಗಿದ್ದರೆ 11,07,692 ರೂಪಾಯಿ ಸಿಗುತ್ತದೆ. ಕಡಿತವಾಗಿ 1,92,000 ಆದ ಮೇಲೆ ಕೆಲಸ ಹೋದರೆ ಸಿಗುವುದು 8,86,154. ಆರು ತಿಂಗಳ 'ತಾತ್ಕಾಲಿಕ' ಕಡಿತ ಎಂಟು ವರ್ಷದ ಗಳಿಕೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಿಂದುಹಾಕಿತು. ಅದಕ್ಕೇ ಕಡಿತದ ಪತ್ರದಲ್ಲಿ ಮೂರು ವಾಕ್ಯ ಇರಲೇಬೇಕೆಂದು ಕೇಳಿ. ಕಡಿತ ಇಂಥ ದಿನಾಂಕದವರೆಗೆ ಮಾತ್ರ. ಅಷ್ಟರೊಳಗೆ ಸೇವೆ ಮುಗಿದರೆ ಗ್ರಾಚ್ಯುಟಿ, ರಜೆ ನಗದೀಕರಣ, ನೋಟಿಸ್ ವೇತನ ಹಳೆಯ ದರದಲ್ಲಿ. ಮತ್ತು ಇದು ಕಡಿತವೋ, ಮುಂದೂಡಿಕೆಯೋ? ಮುಂದೂಡಿದ ಹಣ ಕಂಪನಿ ನಿಮಗೆ ಕೊಡಬೇಕಾದ ಸಾಲ. ಕಡಿತವಾದದ್ದು ಹೋಯಿತು, ಅಷ್ಟೆ. ಮೂರರಲ್ಲಿ ಒಂದನ್ನೇ ಪಡೆಯಲು ಸಾಧ್ಯವಾದರೆ ಎರಡನೆಯದನ್ನು ಹಿಡಿಯಿರಿ.

'ಒಪ್ಪಿದ್ದೇನೆ' ಎಂದು ಅದೇ ದಿನ ಸಹಿ ಹಾಕುವ ಅಗತ್ಯ ಯಾರಿಗೂ ಇಲ್ಲ. 'ನನ್ನ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಪತ್ರ ಸ್ವೀಕರಿಸಿದ್ದೇನೆ' ಎಂದು ಬರೆದು, ಇಮೇಲ್‌ನಲ್ಲೂ ಅದನ್ನೇ ಕಳುಹಿಸಿ. ಕಾರ್ಮಿಕ ಎಂಬ ವ್ಯಾಖ್ಯೆಗೆ ಬರುವವರ ವೇತನದ ಷರತ್ತು ಬದಲಿಸಲು 21 ದಿನ ಮೊದಲು ನೋಟಿಸ್ ಕೊಡಬೇಕೆಂಬ ನಿಯಮ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಲಕ್ಷಗಟ್ಟಲೆ ಸಂಬಳದ ಪೈಲಟ್ ಕಾರ್ಮಿಕ ಹೇಗಾಗುತ್ತಾರೆ ಎಂದು ಕಂಪನಿ ವಾದಿಸುತ್ತದೆ. ದೆಹಲಿ ಹೈಕೋರ್ಟ್ ಕೆಲಸದ ಸ್ವರೂಪ ನೋಡಿ ಪೈಲಟ್‌ಗಳ ಪರ ತೀರ್ಪು ಕೊಟ್ಟದ್ದಿದೆ. ಸಹಿ ಹಾಕುವ ಮುನ್ನ ಒಂದು ಗಂಟೆ ಕಾರ್ಮಿಕ ವಕೀಲರ ಬಳಿ ಕೂರುವ ಖರ್ಚು ದಂಡವಲ್ಲ.

ಸಿಟ್ಟಿನಲ್ಲಿ ರಾಜೀನಾಮೆ ಬೇಡ. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಕಮಾಂಡರ್ (ಕ್ಯಾಪ್ಟನ್) ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ನೋಟಿಸ್ ಕೊಡಬೇಕು. ಕಂಪನಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ಬೇಗ ಬಿಡುಗಡೆ ಮಾಡಿದರೆ ಮಾತ್ರ ಆ ಅವಧಿ ಕಡಿಮೆಯಾಗುತ್ತದೆ. ಈ ಉದ್ದನೆಯ ನೋಟಿಸ್ ಅವಧಿ ಒಮ್ಮೆ ಪೈಲಟ್‌ಗಳ ಕೈ ಹಿಡಿದದ್ದೂ ಇದೆ. ಏರ್ ಇಂಡಿಯಾದಲ್ಲಿ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿ ಅದನ್ನು ಹಿಂಪಡೆದಿದ್ದ 40ಕ್ಕೂ ಹೆಚ್ಚು ಪೈಲಟ್‌ಗಳನ್ನು 2020ರ ಆಗಸ್ಟ್‌ನಲ್ಲಿ ಮನೆಗೆ ಕಳಿಸಲಾಯಿತು. 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಹಿಂಪಡೆಯುವ ಪತ್ರಕ್ಕೆ ಸ್ವೀಕೃತಿ ಪಡೆದಿರುವುದು ಎಷ್ಟು ಮುಖ್ಯ ಎಂಬುದು ಇಂಥ ಪ್ರಕರಣದಲ್ಲಿ ಗೊತ್ತಾಗುತ್ತದೆ. ಕಂಪನಿಯೇ ತೆಗೆದುಹಾಕುವಾಗ ರಿಲೀವಿಂಗ್ ಪತ್ರ, ಎನ್‌ಒಸಿ, 'ನೋಟಿಸ್ ಬಾಕಿ ಇಲ್ಲ' ಎಂಬ ಒಂದು ಸಾಲು ಒಟ್ಟಿಗೆ ಬರಬೇಕು. ಎನ್‌ಒಸಿ ಇಲ್ಲದ ಪೈಲಟ್‌ನನ್ನು ಮುಂದಿನ ಕಂಪನಿ ಸೇರಿಸಿಕೊಳ್ಳುವುದಿಲ್ಲ.

ಕೊನೆಯ ದಿನಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳಲ್ಲಿ ಹೆಚ್ಚು ಜನ ಎಡವುವುದು ಲಾಗ್‌ಬುಕ್‌ನಲ್ಲಿ. ಡಿಜಿಸಿಎಯ ಇಜಿಸಿಎ ಪೋರ್ಟಲ್‌ನಲ್ಲಿ ನೀವು ತುಂಬಿದ ಹಾರಾಟದ ಗಂಟೆಗಳನ್ನು ಕಂಪನಿಯ ಅಧಿಕೃತ ವ್ಯಕ್ತಿ ದೃಢೀಕರಿಸಬೇಕು. ಆತನೂ ಕೆಲಸ ಕಳೆದುಕೊಂಡರೆ, ಅಥವಾ ಕಂಪನಿ ಬಾಗಿಲು ಹಾಕಿದರೆ, ಬಾಕಿ ಉಳಿದ ನಮೂದುಗಳು ಹಾಗೇ ನೇತಾಡುತ್ತವೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1500 ಗಂಟೆ ಬೇಕು, ಮತ್ತೆ 1480ರಲ್ಲಿ ಸಿಕ್ಕಿಕೊಂಡ ಕೋ-ಪೈಲಟ್‌ಗೆ ಆ 20 ಗಂಟೆಯ ಬೆಲೆ ಏನೆಂದು ಹೇಳಬೇಕಾಗಿಲ್ಲ. ಪ್ರತಿ ಭಾನುವಾರ ನಮೂದು ತುಂಬಿ, ತಿಂಗಳ ಕೊನೆಗೆ ದೃಢೀಕರಣಕ್ಕೆ ಬೆನ್ನು ಹತ್ತಿ. ಜೊತೆಗೆ ಕೊನೆಯ ಪಿಪಿಸಿ (ಪೈಲಟ್ ಪ್ರಾವೀಣ್ಯ ಪರೀಕ್ಷೆ), ಐಆರ್ (ಇನ್‌ಸ್ಟ್ರುಮೆಂಟ್ ರೇಟಿಂಗ್, ಉಪಕರಣ ನೋಡಿಯೇ ಹಾರುವ ಅರ್ಹತೆ) ಚೆಕ್ ವರದಿಗಳು, ತರಬೇತಿ ಕಡತದ ಪ್ರತಿ, ಮೂರು ವರ್ಷದ ಪೇ ಸ್ಲಿಪ್, ಫಾರ್ಮ್ 16 ಎಲ್ಲವನ್ನೂ ನಿಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಿ. ಕಂಪನಿಯ ಇಮೇಲ್ ಬಹಳ ಸಲ ಪತ್ರ ಕೈಗೆ ಬಂದ ದಿನವೇ ಮುಚ್ಚಿಹೋಗುತ್ತದೆ. ವಿಮಾನ ನಿಲ್ದಾಣದೊಳಗೆ ಹೋಗಲು ಕೊಡುವ ಎಇಪಿ ಪಾಸ್ ಹಿಂದಿರುಗಿಸಿದ್ದಕ್ಕೆ ರಸೀದಿ ಪಡೆಯಿರಿ. ಅದಿಲ್ಲದಿದ್ದರೆ ಮುಂದಿನ ಕಂಪನಿಯಲ್ಲಿ ಹೊಸ ಪಾಸ್ ಕೇಳುವಾಗ ತೊಡಕು.

ಇನ್ನು ತೊಂಬತ್ತು ದಿನದ ಲೆಕ್ಕ. ಹಿಂದಿನ 90 ದಿನಗಳಲ್ಲಿ ಮೂರು ಟೇಕ್‌ಆಫ್, ಮೂರು ಲ್ಯಾಂಡಿಂಗ್ ಇಲ್ಲದಿದ್ದರೆ ರೀಸೆನ್ಸಿ, ಅಂದರೆ ಇತ್ತೀಚಿನ ಹಾರಾಟದ ಅರ್ಹತೆ, ಹೋಗುತ್ತದೆ. ಆ ಮೂರೂ ಮಾರ್ಚ್ 10ರಂದೇ ಆಗಿದ್ದರೆ ಜೂನ್ 8ಕ್ಕೆ ಗಡುವು. ಪಿಪಿಸಿ ಆರು ತಿಂಗಳಿಗೊಮ್ಮೆ, ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ. ಇಂಗ್ಲಿಷ್ ಪ್ರಾವೀಣ್ಯ ಲೆವೆಲ್ 4 ಆದರೆ ಮೂರು ವರ್ಷಕ್ಕೆ, ಲೆವೆಲ್ 5 ಆದರೆ ಆರು ವರ್ಷಕ್ಕೆ ಮತ್ತೆ ಪರೀಕ್ಷೆ. ಈ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬೀರು ಬಾಗಿಲಿಗೆ ಅಂಟಿಸಿ. ಎಲ್ಲವನ್ನೂ ಸ್ವಂತ ಖರ್ಚಿನಲ್ಲಿ ಉಳಿಸಿಕೊಳ್ಳಬೇಕಿಲ್ಲ. ಮೆಡಿಕಲ್ ಮತ್ತು ಐಆರ್ ಈ ಎರಡನ್ನು ಬಿಡಬೇಡಿ, ಉಳಿದದ್ದನ್ನು ಹೊಸ ಕಂಪನಿ ಸಾಮಾನ್ಯವಾಗಿ ಸೇರುವಾಗಿನ ತರಬೇತಿಯಲ್ಲಿ ಮಾಡಿಸುತ್ತದೆ. ಐಆರ್‌ಗೆ ಸಿಮ್ ಬಾಡಿಗೆ ಹಿಡಿಯುವ ಮೊದಲು ಆ ಯಂತ್ರಕ್ಕೆ ಡಿಜಿಸಿಎ ಮಾನ್ಯತೆ ಇದೆಯೇ, ಎಕ್ಸಾಮಿನರ್ ಆ ದಿನ ಸಿಗುತ್ತಾರೆಯೇ ಎಂದು ಖಚಿತ ಮಾಡಿಕೊಳ್ಳಿ. ಇಬ್ಬರು ಪೈಲಟ್‌ಗಳು ಜೊತೆಯಾದರೆ ಸ್ಲಾಟ್‌ನ ಖರ್ಚು ಅರ್ಧ. ಜೊತೆಗಾರ ಅದೇ ಮಾದರಿಯವರಾಗಿರಬೇಕು.

ಮಾದರಿಯ ವಿಷಯ ಕಾರ್ಗೋದವರಿಗೆ ವಿಶೇಷವಾಗಿ ಕಾಡುತ್ತದೆ. ಬೋಯಿಂಗ್ 737-800 ಅಥವಾ ಏರ್‌ಬಸ್ ಎ321 ಫ್ರೈಟರ್ ಹಾರಿಸುವವರಿಗೆ ಪ್ರಯಾಣಿಕರ ವಿಮಾನಗಳ ಬಾಗಿಲು ತೆರೆದಿದೆ, ಏಕೆಂದರೆ ಆ ಕುಟುಂಬದ ವಿಮಾನಗಳು ದೇಶದ ತುಂಬ ಇವೆ. ಆದರೆ ಬೋಯಿಂಗ್ 757 ಹಾರಿಸುವವರ ಪಾಡು ಬೇರೆ. ಭಾರತದಲ್ಲಿ ಅದನ್ನು ಹಾರಿಸುವುದು ಬ್ಲೂ ಡಾರ್ಟ್‌ನ ಸರಕು ವಿಮಾನಗಳಲ್ಲಿ, ಪ್ರಯಾಣಿಕರ ಕಂಪನಿಗಳಲ್ಲಿ ಇಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಸರಕು ಕಂಪನಿ ಡೆಕ್ಕನ್ 360 ನಿಂತಾಗ ಏರ್‌ಬಸ್ ಎ310 ಹಾರಿಸುತ್ತಿದ್ದವರಿಗೂ ಇದೇ ತೊಡಕು. ಇಂಥವರಿಗೆ ದಾರಿ ಎರಡು. 757 ಮತ್ತು 767ಕ್ಕೆ ಒಂದೇ ಟೈಪ್ ರೇಟಿಂಗ್ (ಮಾದರಿಯ ಅರ್ಹತೆ) ಎಂದು ಅಮೆರಿಕ, ಯುರೋಪ್‌ಗಳಲ್ಲಿ ಪರಿಗಣಿಸುತ್ತಾರೆ, 767 ಫ್ರೈಟರ್‌ಗಳು ಹೊರದೇಶಗಳಲ್ಲಿ ಧಾರಾಳವಾಗಿವೆ. ಅದಕ್ಕೆ ಲೈಸೆನ್ಸ್ ಪರಿಶೀಲನೆಯ ಪತ್ರ ಡಿಜಿಸಿಎಯಿಂದ ಆ ದೇಶಕ್ಕೆ ಹೋಗಬೇಕು, ಇದು ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಕೆಲಸ ಇರುವಾಗಲೇ ಅರ್ಜಿ ಹಾಕಿ. ಇನ್ನೊಂದು ದಾರಿ ಸ್ವಂತ ಹಣದಲ್ಲಿ ಎ320 ಅಥವಾ 737 ರೇಟಿಂಗ್. ಕೆಲಸದ ಪತ್ರ ಕೈಯಲ್ಲಿ ಇಲ್ಲದೆ ಸಾಲ ಮಾಡಿ ಈ ದಾರಿ ಹಿಡಿಯುವುದು ತಪ್ಪು. ಹೊಸ ಮಾದರಿಯಲ್ಲಿ ಒಂದು ಗಂಟೆಯೂ ಲೈನ್ ಅನುಭವ (ಕಂಪನಿಯ ನಿತ್ಯದ ಹಾರಾಟದ ಅನುಭವ) ಇಲ್ಲದ ರೇಟಿಂಗ್ ಆರು ತಿಂಗಳಲ್ಲಿ ಹಳಸುತ್ತದೆ, ಇಎಂಐ ಹಳಸುವುದಿಲ್ಲ.

ಮಧ್ಯಂತರದ ಕೆಲಸಕ್ಕೆ ಕಲಬುರಗಿ, ಬೆಳಗಾವಿ, ಜಕ್ಕೂರಿನಂಥ ಕಡೆ ಹಾರಾಟ ತರಬೇತಿ ಸಂಸ್ಥೆಗಳಿವೆ. ಏರ್‌ಲೈನ್ ಕ್ಯಾಪ್ಟನ್ ಆದ ಮಾತ್ರಕ್ಕೆ ಅಲ್ಲಿ ಬಲಗಡೆ ಸೀಟಿನಲ್ಲಿ ಕೂತು ಕಲಿಸಲಾಗದು, ಇನ್‌ಸ್ಟ್ರಕ್ಟರ್ ರೇಟಿಂಗ್ ಬೇಕು. ಕಮಾಂಡ್ ಅನುಭವ ಇರುವವರಿಗೆ ಸಿಮ್ಯುಲೇಟರ್ ಕೇಂದ್ರಗಳಲ್ಲಿ ಬೋಧನೆ ಇದಕ್ಕಿಂತ ಹತ್ತಿರದ ದಾರಿ. ಕಡಿತದಲ್ಲಿದ್ದೂ ಕೆಲಸದಲ್ಲೇ ಇದ್ದರೆ ಹೊರಗೆ ಹಾರುವ ಮೊದಲು ಕಂಪನಿಯ ಲಿಖಿತ ಅನುಮತಿ ತೆಗೆದುಕೊಳ್ಳಿ.

ಹಣದ ವಿಷಯದಲ್ಲಿ ಅನುಕ್ರಮ ಮುಖ್ಯ. ಮೊದಲು ಮೆಡಿಕಲ್ ಮತ್ತು ಐಆರ್‌ಗೆ ಬೇಕಾದ ಮೊತ್ತವನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡಿ, ಮನೆ ಖರ್ಚು ಆಮೇಲೆ. ಕೇಳಲು ಕಠಿಣ ಅನ್ನಿಸಬಹುದು, ಆದರೆ ಮನೆ ನಡೆಯುವುದೇ ಆ ಲೈಸೆನ್ಸ್‌ನಿಂದ. ಎರಡನೆಯದು ಬ್ಯಾಂಕ್. ಪೈಲಟ್ ತರಬೇತಿ ಸಾಲಕ್ಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನ ಮನೆಯೋ ಜಮೀನೋ ಅಡಮಾನವಾಗಿರುತ್ತದೆ. ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಎನ್‌ಪಿಎ (ಅನುತ್ಪಾದಕ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. ಕಡಿತದ ಪತ್ರ ಬಂದ ವಾರವೇ, ಇನ್ನೂ ಒಂದು ಕಂತೂ ತಪ್ಪದಿರುವಾಗ, ಆ ಪತ್ರದ ಪ್ರತಿಯೊಂದಿಗೆ ಶಾಖೆಗೆ ಹೋಗಿ ಅವಧಿ ವಿಸ್ತರಣೆ ಅಥವಾ ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟುವ ವ್ಯವಸ್ಥೆಯನ್ನು ಲಿಖಿತವಾಗಿ ಕೇಳಿ. ಅಪ್ಪನಿಗೆ ಹೇಳದೆ ಮುಚ್ಚಿಡಬೇಡಿ. ಬ್ಯಾಂಕಿನ ನೋಟಿಸ್ ಹೋಗುವುದು ಅವರ ವಿಳಾಸಕ್ಕೂ ಹೌದು.

ಪಿಎಫ್ ಹಣ ಕೊನೆಯ ಆಸರೆ. ಐದು ವರ್ಷ ಸತತ ಸೇವೆಗೆ ಮೊದಲೇ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಕಂಪನಿಯ ವ್ಯವಹಾರ ನಿಂತದ್ದರಿಂದ ಅಥವಾ ನಿಮ್ಮ ಕೈಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ವಿನಾಯಿತಿ ಉಂಟು, ಆದ್ದರಿಂದ ರಿಲೀವಿಂಗ್ ಪತ್ರದಲ್ಲಿ ಕಾರಣ ಸರಿಯಾಗಿ ನಮೂದಾಗಿರಲಿ. 'ವೈಯಕ್ತಿಕ ಕಾರಣ' ಎಂದು ಬರೆಸಿಕೊಂಡು ಬಂದವರು ಇಲ್ಲಿ ಕಳೆದುಕೊಳ್ಳುತ್ತಾರೆ. ಆರೋಗ್ಯ ವಿಮೆ ಕಂಪನಿಯ ಗುಂಪು ಪಾಲಿಸಿಯಾಗಿದ್ದರೆ, ಅದು ಮುಗಿಯುವ ಮೊದಲೇ ಅದೇ ವಿಮಾದಾರರ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಕೇಳಿ. ಲಾಸ್ ಆಫ್ ಲೈಸೆನ್ಸ್ ವಿಮೆಯೂ ಕೆಲಸದೊಂದಿಗೇ ಹೋಗುತ್ತದೆ, ಅಲ್ಲದೆ ಅದು ಮೆಡಿಕಲ್ ಅನರ್ಹತೆಗೆ ಮಾತ್ರ, ಲೇಆಫ್‌ಗೆ ಅಲ್ಲ.

ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋದರೆ ಬಾಕಿ ಸಂಬಳಕ್ಕೆ ಫಾರ್ಮ್ ಡಿಯಲ್ಲಿ ಕ್ಲೇಮ್ ಸಲ್ಲಿಸಬೇಕು, ಸಾರ್ವಜನಿಕ ಪ್ರಕಟಣೆಯಲ್ಲಿ ಗಡುವು ಇರುತ್ತದೆ. ಲಿಕ್ವಿಡೇಶನ್‌ನಲ್ಲಿ, ಅಂದರೆ ಆಸ್ತಿ ಮಾರಿ ಬಾಕಿ ತೀರಿಸುವ ಹಂತದಲ್ಲಿ, ಕಾರ್ಮಿಕರ 24 ತಿಂಗಳ ಬಾಕಿಗೆ ಭದ್ರತೆ ಇರುವ ಬ್ಯಾಂಕುಗಳ ಸಮನಾದ ಸ್ಥಾನ, ಇತರ ನೌಕರರ 12 ತಿಂಗಳ ಬಾಕಿಗೆ ಅದರ ನಂತರದ ಸ್ಥಾನ. ಮೇಲೆ ಹೇಳಿದ 'ಕಾರ್ಮಿಕ' ಎಂಬ ಪ್ರಶ್ನೆ ಇಲ್ಲಿ ಮತ್ತೆ ಹಣವಾಗಿ ಎದುರಾಗುತ್ತದೆ. ಆದರೆ ಇದು ಬೇಗ ಕೈಗೆ ಬರುವ ದುಡ್ಡಲ್ಲ. ಜೆಟ್ ಏರ್‌ವೇಸ್ ಹಾರಾಟ ನಿಂತದ್ದು 2019ರ ಏಪ್ರಿಲ್‌ನಲ್ಲಿ, ಸುಪ್ರೀಂ ಕೋರ್ಟ್ ಅದರ ಲಿಕ್ವಿಡೇಶನ್‌ಗೆ ಆದೇಶಿಸಿದ್ದು 2024ರ ನವೆಂಬರ್ 7ರಂದು. ಈ ಬಾಕಿಯನ್ನು ಮನೆಯ ಬಜೆಟ್‌ನಲ್ಲಿ ಸೊನ್ನೆ ಎಂದೇ ಹಿಡಿಯಿರಿ.

ವರ್ಷಗಟ್ಟಲೆ ರಾತ್ರಿ ಎರಡಕ್ಕೆ ಹಾರಿದ ದೇಹ ಕೆಲಸ ನಿಂತ ಮೊದಲ ವಾರಗಳಲ್ಲಿ ಹಗಲು ರಾತ್ರಿಯ ಲೆಕ್ಕಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಚಿಂತೆ ಸೇರಿದರೆ ನಿದ್ದೆ ಇನ್ನಷ್ಟು ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ತೂಕ ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೋ ಬೇರೆ ಕೇಂದ್ರದಲ್ಲೋ ಮೆಡಿಕಲ್‌ಗೆ ಹೋಗಿ ತಾತ್ಕಾಲಿಕ ಅನರ್ಹ ಎನಿಸಿಕೊಂಡರೆ, ಕೆಲಸ ಹುಡುಕುವ ಆರು ತಿಂಗಳು ಅಲ್ಲೇ ಹೋಗಬಹುದು. ಸ್ಲಾಟ್‌ಗೆ ನಾಲ್ಕು ವಾರ ಮೊದಲಿಂದ ಬೆಳಿಗ್ಗೆ ಒಂದೇ ಹೊತ್ತಿಗೆ ಎದ್ದು ನಡೆಯಿರಿ, ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ನಿದ್ದೆ ಮಾತ್ರೆಯಾಗಲಿ, ಖಿನ್ನತೆಗೆ ಕೊಡುವ ಮಾತ್ರೆಯಾಗಲಿ, ಏವಿಯೇಶನ್ ಮೆಡಿಸಿನ್ ತಿಳಿದ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಶುರು ಮಾಡಿದ್ದರೆ ಮುಚ್ಚಿಡಬೇಡಿ, ಏಕಾಏಕಿ ನಿಲ್ಲಿಸಲೂ ಬೇಡಿ. ಮನಸ್ಸು ತೀರಾ ಕುಸಿದಿದ್ದರೆ ಚಿಕಿತ್ಸೆಯೇ ಮೊದಲು, ಮೆಡಿಕಲ್ ದಿನಾಂಕ ಆಮೇಲೆ. ಚಿಕಿತ್ಸೆ ಪಡೆದು ಮತ್ತೆ ಅರ್ಹರಾಗಿ ಹಾರಾಟಕ್ಕೆ ಮರಳಲು ದಾರಿ ಇದೆ.