ಓದುಗರ ಪ್ರಶ್ನೆಗೆ ಉತ್ತರ: ನ್ಯೂಯಾರ್ಕ್‌ನ ಹೆಸರಾಂತ ಕಪ್‌ಕೇಕ್, ರುಚಿ ನೋಡುವುದು ಹೇಗೆ?

ಪ್ರಶ್ನೆ: ನಾವು ನಾಲ್ಕು ಮಂದಿ ನ್ಯೂಯಾರ್ಕ್‌ಗೆ ಹೊರಟಿದ್ದೇವೆ. ಮ್ಯಾಗ್ನೋಲಿಯಾ ಬೇಕರಿಯ ಕಪ್‌ಕೇಕ್ ತಿನ್ನದೆ ಬರಬೇಡಿ ಎನ್ನುತ್ತಾರೆ ಕೆಲವರು. ತಿಂದು ಬಂದ ಇನ್ನು ಕೆಲವರು 'ಬರೀ ಸಕ್ಕರೆ, ಹೆಸರಷ್ಟೇ ದೊಡ್ಡದು' ಎನ್ನುತ್ತಾರೆ. ಎಷ್ಟು ಕೊಳ್ಳಬೇಕು, ಯಾವುದನ್ನು ಮೊದಲು ತಿನ್ನಬೇಕು, ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಉತ್ತರ: ನಾಲ್ವರಿಗೆ ನಾಲ್ಕೇ ಸಾಕು. ಅದರಲ್ಲಿ ಒಂದು ಮಾತ್ರ ವೆನಿಲ್ಲಾ ಕೇಕಿನ ಮೇಲೆ ವೆನಿಲ್ಲಾ ಐಸಿಂಗ್ ಇರುವುದೇ ಆಗಿರಲಿ. ಒಂದೊಂದನ್ನೂ ನಾಲ್ಕು ಭಾಗ ಮಾಡಿ ಹಂಚಿಕೊಂಡರೆ ತಲೆಗೊಂದು ಕಪ್‌ಕೇಕ್ ತಿಂದ ಹಾಗಾಯಿತು, ನಾಲ್ಕು ಬಗೆ ನೋಡಿದ ಹಾಗೂ ಆಯಿತು. ಐಸಿಂಗ್ ಬದಿಗಿಟ್ಟು ಮೊದಲು ಕೇಕ್ ತಿನ್ನಿ. ಮುಟ್ಟಿದರೆ ತಣ್ಣಗಿದ್ದರೆ ತಿನ್ನಲೇಬೇಡಿ, ಕಾಯಿರಿ. ಮಿಕ್ಕಿದ್ದೆಲ್ಲ ಇದರ ವಿವರಣೆ.

ಮೊದಲು 'ಬರೀ ಸಕ್ಕರೆ' ಎಂಬ ದೂರು. ಅದು ಸುಳ್ಳಲ್ಲ, ಲೆಕ್ಕ ಹಾಕಿ ನೋಡಬಹುದು. ಈ ಬೇಕರಿಯನ್ನು 1996ರಲ್ಲಿ ಬ್ಲೀಕರ್ ಸ್ಟ್ರೀಟ್‌ನಲ್ಲಿ ಶುರು ಮಾಡಿದ ಜೆನಿಫರ್ ಆಪಲ್ ಮತ್ತು ಅಲಿಸಾ ಟೋರಿ, 1999ರಲ್ಲಿ ತಮ್ಮ ಪಾಕವಿಧಾನಗಳನ್ನು ಮನೆಯಲ್ಲಿ ಮಾಡುವ ಅಳತೆಗೆ ಇಳಿಸಿ ಪ್ರಕಟಿಸಿದರು. ಅದರ ಪ್ರಕಾರ 24 ವೆನಿಲ್ಲಾ ಕಪ್‌ಕೇಕ್‌ಗೆ ಎರಡು ಕಪ್, ಅಂದರೆ ಸುಮಾರು 400 ಗ್ರಾಂ ಸಕ್ಕರೆ. ಒಂದಕ್ಕೆ 17 ಗ್ರಾಂ. ಇದು ಕೇಕಿನ ಮಾತು. ಅದರ ಮೇಲಿನ ಬಟರ್‌ಕ್ರೀಮ್‌ಗೆ, ಅಂದರೆ ಬೆಣ್ಣೆಯ ಐಸಿಂಗಿಗೆ, ಒಂದು ಕಪ್ ಬೆಣ್ಣೆಗೆ ಆರರಿಂದ ಎಂಟು ಕಪ್ ಐಸಿಂಗ್ ಸಕ್ಕರೆ (ನುಣ್ಣಗೆ ಪುಡಿ ಮಾಡಿದ ಸಕ್ಕರೆ). ತೂಕದಲ್ಲಿ 226 ಗ್ರಾಂ ಬೆಣ್ಣೆಗೆ 700ರಿಂದ 950 ಗ್ರಾಂ. ಇದನ್ನು 24ಕ್ಕೆ ಹಂಚಿದರೆ ಒಂದೊಂದರ ನೆತ್ತಿಯ ಮೇಲೆ 30ರಿಂದ 40 ಗ್ರಾಂ ಸಕ್ಕರೆ ಕೂತಿರುತ್ತದೆ, ಕೇಕಿನೊಳಗಿರುವುದರ ಎರಡರಷ್ಟು. ಮೇಲಿನಿಂದ ಕಚ್ಚುತ್ತಾ ಹೋದವರಿಗೆ ಮೊದಲ ಎರಡು ತುತ್ತು ಐಸಿಂಗೇ ಸಿಗುತ್ತದೆ. ಮುಖಕ್ಕೆ ಹೊಡೆದಂತೆ ಆಗದೆ ಇನ್ನೇನಾಗಬೇಕು?

ಇಷ್ಟೊಂದು ಸಕ್ಕರೆ ಯಾಕೆ ಎಂದರೆ, ಈ ಬಗೆಯ ಅಮೆರಿಕನ್ ಬಟರ್‌ಕ್ರೀಮ್‌ನಲ್ಲಿ ಮೊಟ್ಟೆಯಿಲ್ಲ, ಒಲೆಯ ಮೇಲೆ ಬೇಯಿಸುವುದಿಲ್ಲ. ಬೆಣ್ಣೆ, ಐಸಿಂಗ್ ಸಕ್ಕರೆ, ಸ್ವಲ್ಪ ಹಾಲು, ವೆನಿಲ್ಲಾ, ಅಷ್ಟೇ. ಅದು ಜಾರದೆ ನಿಲ್ಲುವುದೇ ಸಕ್ಕರೆಯ ಬಲದಿಂದ. ಅರ್ಧಕ್ಕೆ ಇಳಿಸಿದರೆ ಸಿಹಿ ಬೆಣ್ಣೆಯಾಗುತ್ತದೆ, ಬೆಚ್ಚಗಿನ ದಿನ ಕೆಳಗೆ ಜಾರುತ್ತದೆ. ಹಚ್ಚಿದ ಮೇಲೆ ಹೊರಮೈಯ ತೇವ ಆರಿ ಸಕ್ಕರೆ ಹರಳುಗಟ್ಟಿದಾಗ ಬರುವ ತೆಳು ಪೊರೆ ಈ ಐಸಿಂಗಿನ ಗುಣ, ದೋಷವಲ್ಲ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಅಂಟಬಾರದು, ಒತ್ತಿದರೆ ಒಳಗೆ ಮೆತ್ತಗಿರಬೇಕು. ಪೊರೆ ಬಿರುಕು ಬಿಟ್ಟು ಚಕ್ಕೆ ಏಳುತ್ತಿದ್ದರೆ ಹಚ್ಚಿ ಬಹಳ ಹೊತ್ತಾಗಿದೆ ಎಂದರ್ಥ.

ಸ್ವಿಸ್ ಬಟರ್‌ಕ್ರೀಮ್ ಬೇರೆಯದೇ ಜಾತಿ. ಮೊಟ್ಟೆಯ ಬಿಳಿಗೆ ಅದರ ಎರಡರಷ್ಟು ಸಕ್ಕರೆ ಸೇರಿಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು 71 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೊರೆಯೆಬ್ಬಿಸಿ, ಆರಿದ ಮೇಲೆ ಬೆಣ್ಣೆ ಸೇರಿಸುತ್ತಾರೆ. ರೇಷ್ಮೆಯಂತೆ ನುಣ್ಣಗೆ, ಸಿಹಿಯೂ ಕಡಿಮೆ. ಅದನ್ನು ತಿಂದು ರೂಢಿಯಾದವರು ಅಮೆರಿಕನ್ ಬಟರ್‌ಕ್ರೀಮ್ ತಿಂದು ಬೈಯುವುದು ಸಹಜ, ಆದರೆ ನ್ಯಾಯವಲ್ಲ. ಅಮೆರಿಕನ್ ಬಟರ್‌ಕ್ರೀಮ್ ತನ್ನ ಜಾತಿಯೊಳಗೆ ಚೆನ್ನಾಗಿದೆಯೇ ಎಂದು ನೋಡಬೇಕು.

ಅಂಗಡಿಯಲ್ಲಿ ಆರಿಸುವಾಗ ಬಹುತೇಕರು ಎಡವುವುದು ಬಣ್ಣದಲ್ಲಿ. ಗಾಜಿನ ಹಿಂದೆ ಸಾಲಾಗಿ ಕೂತ ತಿಳಿ ಗುಲಾಬಿ, ತಿಳಿ ನೀಲಿ, ತಿಳಿ ಹಸಿರು ಐಸಿಂಗ್ ಮೂರೂ ಒಂದೇ ವೆನಿಲ್ಲಾ ಬಟರ್‌ಕ್ರೀಮ್, ಬಣ್ಣ ಮಾತ್ರ ಬೇರೆ. ಗುಲಾಬಿ ಎಂದರೆ ಸ್ಟ್ರಾಬೆರಿ ಅಲ್ಲ. ಮೂರು ಬಣ್ಣ ಕೊಂಡರೆ ಒಂದೇ ರುಚಿಯನ್ನು ಮೂರು ಸಲ ಕೊಂಡಂತೆ. (2000ರಲ್ಲಿ ಟಿವಿ ಧಾರಾವಾಹಿಯೊಂದರಲ್ಲಿ ಈ ಗುಲಾಬಿ ಕಪ್‌ಕೇಕ್ ಕಾಣಿಸಿಕೊಂಡಿತು, ಅಂಗಡಿಯ ಮುಂದೆ ಸಾಲು ಬೆಳೆದದ್ದು ಆಮೇಲೆ. ಅಂದರೆ ಬಂದವರು ನೋಡಿದ್ದನ್ನು ಕೇಳುತ್ತಿದ್ದರು, ರುಚಿಯನ್ನಲ್ಲ.) ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ 'ಯಾವುದು ಫೇಮಸ್' ಅಲ್ಲ, 'ಈಗ ತಾನೆ ಐಸಿಂಗ್ ಹಚ್ಚಿದ್ದು ಯಾವುದು' ಎಂದು.

ಐಸಿಂಗ್ ಹಚ್ಚಿದ ರೀತಿಯನ್ನೂ ಒಂದು ಕ್ಷಣ ನೋಡಿ. ಇಲ್ಲಿ ಕೋನ್‌ನಲ್ಲಿ ತುಂಬಿ ಹಿಂಡುವುದಿಲ್ಲ. ಸಣ್ಣ ಲೋಹದ ಸ್ಪ್ಯಾಚುಲಾದಲ್ಲಿ ಒಂದು ಮುದ್ದೆ ತೆಗೆದು ನೆತ್ತಿಗೆ ಮೆತ್ತಿ, ಅಂಚಿನವರೆಗೆ ಒತ್ತಿ ಹರಡಿ, ಅಲಗನ್ನು ಓರೆಯಾಗಿ ಊರಿ, ಕೇಕನ್ನು ಕೈಯಲ್ಲೇ ತಿರುಗಿಸುತ್ತಾರೆ. ನಡುವೆ ಒಂದು ಗುಳಿ, ಸುತ್ತ ಸುಳಿ. ಹೊಸಬರು ಮಾಡಿದರೆ ಸುಳಿಯ ಬದಲು ದಿಬ್ಬ ಬರುತ್ತದೆ, ಇಲ್ಲವೇ ಅಲಗು ಕೇಕಿಗೇ ತಾಗಿ ಪುಡಿ ಮೇಲೆದ್ದು ಐಸಿಂಗಿಗೆ ಅಂಟುತ್ತದೆ. ಒತ್ತಿ ಹರಡುವುದರಿಂದ ಗಾಳಿ ಹೊರಹೋಗಿ ಐಸಿಂಗ್ ಗಟ್ಟಿಯಾಗಿ ಕೂರುತ್ತದೆ. ಹಿಂಡಿದ್ದು ಎತ್ತರವಾಗಿ ಕಂಡರೂ ಬಾಯಲ್ಲಿ ಹಗುರ. ಸುಳಿಯದ್ದು ನೋಡಲು ಗಿಡ್ಡ, ತಿನ್ನಲು ಭಾರ.

ಇನ್ನು ತಾಪಮಾನ. ರುಚಿ ನೋಡುವುದರಲ್ಲಿ ಇದರಷ್ಟು ಕಡೆಗಣಿಸಲ್ಪಟ್ಟ ವಿಷಯ ಇನ್ನೊಂದಿಲ್ಲ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಐಸಿಂಗ್ 20-22 ಡಿಗ್ರಿಯಲ್ಲಿದ್ದರೆ ಬಾಯೊಳಗಿನ ಬಿಸಿಗೆ ಬೇಗ ಕರಗಿ ವೆನಿಲ್ಲಾ ಪರಿಮಳ ಬಿಡುತ್ತದೆ. ಫ್ರಿಜ್‌ನಿಂದ ಬಂದ 4 ಡಿಗ್ರಿಯ ಐಸಿಂಗ್ ಕರಗಲು ತಡ, ಅಷ್ಟರಲ್ಲಿ ನುಂಗಿಬಿಟ್ಟಿರುತ್ತೀರಿ. ಕೇಕಿನ ಗತಿಯೂ ಅದೇ. ಬೆಣ್ಣೆಯ ಕೇಕ್ ಚಳಿಗೆ ಬಿಗಿಯಾಗುತ್ತದೆ, ಜೊತೆಗೆ ಮೈದಾದ ಪಿಷ್ಟ ಫ್ರಿಜ್‌ನ ತಂಪಿನಲ್ಲೇ ಬೇಗ ಗಡುಸಾಗುತ್ತದೆ. 'ಒಣಗಿತ್ತು' ಎಂಬ ದೂರುಗಳಲ್ಲಿ ಎಷ್ಟೋ ನಿಜವಾಗಿ 'ತಣ್ಣಗಿತ್ತು' ಎಂಬುದೇ. ರೂಮಿನ ಫ್ರಿಜ್‌ನಲ್ಲಿಟ್ಟಿದ್ದರೆ ಮುಕ್ಕಾಲು ಗಂಟೆ ಹೊರಗಿಡಿ. ಕ್ಯಾರೆಟ್ ಕೇಕ್‌ನಂಥ ಎಣ್ಣೆ ಹಾಕಿ ಮಾಡುವ ಕೇಕ್‌ಗಳು ತಂಪಿನಲ್ಲೂ ಮೆತ್ತಗಿರುತ್ತವೆ. ಕಾಯಲು ವ್ಯವಧಾನವಿಲ್ಲದಿದ್ದರೆ ಅವುಗಳಿಂದ ಶುರು ಮಾಡಬಹುದು. ಬ್ಲೀಕರ್ ಸ್ಟ್ರೀಟ್‌ನ ಅಂಗಡಿ ಚಿಕ್ಕದು, ಎದುರಿನ ಆಟದ ಮೈದಾನದ ಬಳಿಯ ಬೆಂಚಿನಲ್ಲಿ ಕೂತು ತಿನ್ನುವುದು ವಾಡಿಕೆ. ಜುಲೈ ಬಿಸಿಲಿನಲ್ಲಿ ಮಾತ್ರ ಕಷ್ಟ: 28-30 ಡಿಗ್ರಿಗೆ ಸುಳಿ ಅಳಿಸಿ ಐಸಿಂಗ್ ಕಾಗದದ ಮೇಲೆ ಇಳಿಯತೊಡಗುತ್ತದೆ. ನೆರಳು ಹುಡುಕಿ.

ಕತ್ತರಿಸಲು ಹಲ್ಲಿರುವ ಚಾಕು ಬೇಕು. ಪ್ಲಾಸ್ಟಿಕ್ಕಿನದಾದರೂ ಸರಿ, ಒತ್ತದೆ ಗರಗಸದಂತೆ ಎಳೆಯಿರಿ. ಕಾಗದ ಬಿಡಿಸುವಾಗಲೇ ಗಮನಿಸಿ. ತೆಳುವಾಗಿ ಪುಡಿ ಅಂಟಿಕೊಂಡು ಬಂದರೆ ಸರಿ. ಕಾಗದ ತಾನಾಗಿಯೇ ಬಿಟ್ಟುಕೊಂಡಿದ್ದರೆ ಬಿಸಿ ಆರುವ ಮುಂಚೆ ಮುಚ್ಚಿಟ್ಟು ಹಬೆ ಹಿಡಿದಿರಬಹುದು. ಕತ್ತರಿಸಿದ ಮುಖದಲ್ಲಿ ಸಣ್ಣ ಸಣ್ಣ ರಂಧ್ರಗಳು ಒಂದೇ ಸಮನಾಗಿ ಹರಡಿರಬೇಕು. ಕೆಳಗಿನಿಂದ ಮೇಲಕ್ಕೆ ಸುರಂಗದಂಥ ಉದ್ದ ತೂತುಗಳಿದ್ದರೆ ಮೈದಾ ಹಾಕಿದ ಮೇಲೆ ಅತಿಯಾಗಿ ಕಲಸಿದ್ದಾರೆ. ಗ್ಲೂಟೆನ್ (ಮೈದಾಕ್ಕೆ ಜಿಗುಟು ಕೊಡುವ ಪ್ರೋಟೀನ್) ಬಿಗಿದುಕೊಂಡು ಗಾಳಿ ಸಿಕ್ಕ ದಾರಿಯಲ್ಲಿ ನುಗ್ಗಿರುತ್ತದೆ. ಅಂಥ ಕೇಕ್ ಅಗಿಯಲು ಬ್ರೆಡ್ಡಿನಂತಿರುತ್ತದೆ. ಬುಡದಲ್ಲಿ ಅಂಟಂಟು ಗೆರೆ ಇದ್ದರೆ ಪೂರ್ತಿ ಬೆಂದಿಲ್ಲ, ಇಲ್ಲವೇ ಬೆಣ್ಣೆಗೆ ತಣ್ಣನೆಯ ಮೊಟ್ಟೆ ಸುರಿದು ಮಿಶ್ರಣ ಒಡೆದಿದೆ. ನೆತ್ತಿ ಗೋಪುರದಂತೆ ಎದ್ದು ಬಿರಿದಿದ್ದರೆ ಓವನ್ ಬಿಸಿ ಜಾಸ್ತಿಯಾಗಿದೆ. ಇದು ಐಸಿಂಗ್ ಕೆಳಗೆ ಮುಚ್ಚಿಹೋಗುವುದರಿಂದ ಕತ್ತರಿಸಿದಾಗಲೇ ತಿಳಿಯುವುದು.

ಈಗ ಕೇಕಿನ ಚೂರೊಂದನ್ನು, ಐಸಿಂಗ್ ಸೋಕದ ಬುಡದ ಭಾಗದಿಂದ, ಬೆರಳುಗಳ ನಡುವೆ ಒತ್ತಿ. ಮೆತ್ತಗೆ ಕುಗ್ಗಿ ಮತ್ತೆ ಉಬ್ಬಬೇಕು. ಮರಳಿನಂತೆ ಉದುರಿದರೆ ಒಣಗಿದೆ. ಕಪ್‌ಕೇಕ್ 175 ಡಿಗ್ರಿಯಲ್ಲಿ 20 ನಿಮಿಷದ ಆಸುಪಾಸಿನಲ್ಲಿ ಬೇಯುವ ಪುಟ್ಟ ವಸ್ತು, ಮೂರು ನಿಮಿಷ ಹೆಚ್ಚಾದರೂ ಒಣಗುತ್ತದೆ. ಮೂಗಿನ ಹತ್ತಿರ ಹಿಡಿಯಿರಿ: ಬೆಣ್ಣೆ, ಆಮೇಲೆ ವೆನಿಲ್ಲಾ ಬರಬೇಕು. ಹಸಿ ಮೊಟ್ಟೆಯ ವಾಸನೆ ಬಂದರೆ ಬೆಂದದ್ದು ಸಾಲದು. ಬಾಯಿಗೆ ಹಾಕಿ ನಿಧಾನ ಅಗಿಯಿರಿ. ನುಂಗಲು ನೀರು ಬೇಕೆನಿಸಿತೇ? ಕೊನೆಯಲ್ಲಿ ಸೋಪಿನಂಥ ರುಚಿ ಉಳಿಯಿತೇ? ಅದು ಅಡುಗೆ ಸೋಡಾ ಹೆಚ್ಚಾದ ಗುರುತು, ಹೆಚ್ಚಾಗಿ ಚಾಕೊಲೇಟ್ ಕೇಕಿನಲ್ಲಿ ಸಿಗುತ್ತದೆ.

ಆಮೇಲೆ ಐಸಿಂಗ್. ಕಡಲೆಕಾಳಿನಷ್ಟು ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಿಡಿದು ಹತ್ತು ಎಣಿಸಿ. ಬೆಣ್ಣೆಯದ್ದಾದರೆ ಕರಗಿ ಹೋಗುತ್ತದೆ, ಅಂಗುಳ ಹಗುರಾಗುತ್ತದೆ. ವನಸ್ಪತಿಯಂಥ ಕೊಬ್ಬಿನಿಂದ ಮಾಡಿದ್ದಾದರೆ ಮೇಣ ಹಚ್ಚಿದಂಥ ಪದರ ಉಳಿಯುತ್ತದೆ, ಏಕೆಂದರೆ ಅದು ಪೂರ್ತಿ ಕರಗಲು ಬಾಯ ಬಿಸಿ ಸಾಲದು. ಹೆಸರು ಏನೇ ಇರಲಿ, ಯಾವ ಊರಿನ ಬೇಕರಿಯೇ ಆಗಲಿ, ಈ ಹತ್ತರ ಎಣಿಕೆ ಒಂದೇ ಸಾಕು. ಮರಳು ಮರಳಾಗಿ ಸಿಕ್ಕರೆ ಬೀಸಿದ್ದು ಸಾಲದು, ಅಥವಾ ಸಕ್ಕರೆ ಜರಡಿ ಹಿಡಿದಿಲ್ಲ. ಸುಣ್ಣದ ಪುಡಿಯಂಥ ಛಾಯೆ ಐಸಿಂಗ್ ಸಕ್ಕರೆಗೆ ಗಂಟುಕಟ್ಟದಿರಲೆಂದು ಸೇರಿಸುವ ಜೋಳದ ಪಿಷ್ಟದ್ದು. ಚಿಟಿಕೆ ಉಪ್ಪು ಹಾಕುವವರ ಐಸಿಂಗ್ ಅಷ್ಟೇ ಸಕ್ಕರೆಯಲ್ಲೂ ಕಡಿಮೆ ಸಿಹಿ ಅನ್ನಿಸುತ್ತದೆ.

ಮೂರನೆಯ ತುತ್ತು ಎರಡೂ ಸೇರಿ. ಇದಕ್ಕೊಂದು ಉಪಾಯವಿದೆ: ಕೇಕಿನ ಕೆಳ ಅರ್ಧವನ್ನು ಅಡ್ಡಲಾಗಿ ಕತ್ತರಿಸಿ ಐಸಿಂಗಿನ ಮೇಲೆ ಟೋಪಿಯಂತೆ ಕೂರಿಸಿ. ಸ್ಯಾಂಡ್‌ವಿಚ್ ಆಯಿತು, ಪ್ರತಿ ತುತ್ತಿಗೂ ಎರಡೂ ಸಮನಾಗಿ ಬರುತ್ತವೆ, ಮೂಗಿಗೆ ಐಸಿಂಗ್ ಮೆತ್ತುವುದೂ ತಪ್ಪುತ್ತದೆ. 'ಬರೀ ಸಕ್ಕರೆ' ಎಂದವರು ಹೀಗೆ ತಿಂದಿರಲಿಕ್ಕಿಲ್ಲ.

ಕ್ರಮ: ವೆನಿಲ್ಲಾ ಮೊದಲು, ಚಾಕೊಲೇಟ್ ಕೊನೆಗೆ. ಕೋಕೋದ ಕಹಿ ನಾಲಿಗೆ ಬಿಟ್ಟು ಹೋಗುವುದಿಲ್ಲ. ಅದರ ಹಿಂದೆ ತಿಂದ ವೆನಿಲ್ಲಾ ಸಪ್ಪೆ. ನಿಂಬೆ, ಹಣ್ಣು, ಕ್ಯಾರಮೆಲ್ ನಡುವೆ. ರೆಡ್ ವೆಲ್ವೆಟ್ ಎಂಬ ಕೆಂಪು ಕೇಕ್ ಎರಡನೆಯದಾಗಲಿ, ಅದರಲ್ಲಿ ಕೋಕೋ ಇರುವುದು ಹೆಸರಿಗಷ್ಟೇ. ಆ ಕೆಂಪನ್ನು ನೋಡಿ ಏನೋ ಬೇರೆ ರುಚಿ ನಿರೀಕ್ಷಿಸಬೇಡಿ, ಅದು ಬಹುಮಟ್ಟಿಗೆ ಬಣ್ಣ. ಮಜ್ಜಿಗೆಯ ಹುಳಿ ಸಿಕ್ಕರೆ ಅದೇ ಅದರ ಗುಣ. ನಡುನಡುವೆ ತಣ್ಣಗಿಲ್ಲದ ನೀರು ಕುಡಿಯಿರಿ, ಐಸ್ ನೀರು ಬಾಯಲ್ಲಿನ ಬೆಣ್ಣೆಯನ್ನು ಹೆಪ್ಪುಗಟ್ಟಿಸುತ್ತದೆ. ಸಕ್ಕರೆಯಿಲ್ಲದ ಕಾಫಿ ಕೊನೆಗೆ. ವೆನಿಲ್ಲಾದ ಒಂದು ತುಂಡು ಎತ್ತಿಟ್ಟು ಎಲ್ಲ ಮುಗಿದ ಮೇಲೆ ಮತ್ತೆ ತಿನ್ನಿ: ನಾಲಿಗೆ ಸಿಹಿಗೆ ಎಷ್ಟು ಒಗ್ಗಿಹೋಗಿದೆ ಎಂಬುದು ಆಗ ಗೊತ್ತಾಗುತ್ತದೆ. ನಾಲ್ಕನೆಯದು 'ಸಿಹಿ ಕಡಿಮೆ, ಚೆನ್ನಾಗಿದೆ' ಅನ್ನಿಸಿದ್ದು ಕೇಕಿನ ಗುಣದಿಂದಲ್ಲ, ಮೊದಲ ಮೂರರಿಂದ. ಅದಕ್ಕೇ ಒಂದು ಸಲಕ್ಕೆ ನಾಲ್ಕೈದು ಬಗೆ ದಾಟಬೇಡಿ.

ಉಳಿದದ್ದನ್ನು ಏನು ಮಾಡುವುದು? ಬಟರ್‌ಕ್ರೀಮ್‌ನದು ಮುಚ್ಚಿದ ಡಬ್ಬಿಯಲ್ಲಿ, ತಂಪಾದ ಕೋಣೆಯಲ್ಲಿ ಒಂದು ದಿನ ಚೆನ್ನಾಗಿರುತ್ತದೆ. ಕ್ರೀಮ್ ಚೀಸ್ ಐಸಿಂಗ್ ಇದ್ದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು, ಅದರಲ್ಲಿ ರಾಜಿ ಬೇಡ. ಇನ್ನೂ ಹೆಚ್ಚು ದಿನ ಇಡಬೇಕೆಂದರೆ ಫ್ರಿಜ್‌ಗಿಂತ ಫ್ರೀಜರ್ ಮೇಲು, ಪಿಷ್ಟ ಗಡುಸಾಗುವುದು ಅಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಡಬ್ಬಿಯಲ್ಲಿಟ್ಟು, ಐಸಿಂಗ್ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಹೊರತೆಗೆದಾಗ ಸುತ್ತಿದ ಹಾಳೆಯನ್ನಾಗಲಿ ಡಬ್ಬಿಯನ್ನಾಗಲಿ ಎರಡು ಗಂಟೆ ಬಿಚ್ಚಬೇಡಿ. ಗಾಳಿಯ ತೇವ ಹೊರಗೇ ಹನಿಗಟ್ಟಲಿ. ಅವಸರಪಟ್ಟು ಬಿಚ್ಚಿದರೆ ಹನಿ ಐಸಿಂಗಿನ ಮೇಲೇ ಕೂತು ಗುಲಾಬಿ ಬಣ್ಣ ಕಾಗದದವರೆಗೆ ಹರಿಯುತ್ತದೆ.